ನಲವತ್ತು ಗ್ರಾಂ

ಮೇ ಮುಗಿಯುತ್ತಲೇ ಮಡಗಾಂವಿನ ಹತ್ತಿರದ ಬೀಚಿನ ಸೀಸನ್ ಮುಗಿಯಿತು. ವಿಜಾಪುರದ ಕಡೆಯ ತಾಂಡಾಗಳಿಂದ ಬಂದು ಮಣಿಸರ, ಕಸೂತಿ ಚೀಲ ಮಾರುತ್ತಿದ್ದ ಹೆಂಗಸರು ಗಂಟು ಕಟ್ಟಿಕೊಂಡು ಬಸ್ಸು ಹತ್ತಿದರು. ಅವರು ಬಾಡಿಗೆಗಿದ್ದ ಹನ್ನೊಂದು ಖೋಲಿಗಳ ಚಾಳಿನಲ್ಲಿ ಹತ್ತಕ್ಕೆ ಬೀಗ ಬಿತ್ತು. ಅವರಲ್ಲಿ ಮಂಗಿಬಾಯಿ ಒಬ್ಬಳೇ ಉಳಿದಳು.

ಮಳೆಗಾಲದಲ್ಲಿ ಗಿರಾಕಿಯಿಲ್ಲ. ಒಂದು ಹೋಟೆಲಿನ ಹಿತ್ತಲಲ್ಲಿ ಪಾತ್ರೆ ತಿಕ್ಕಿ ಹೊಟ್ಟೆ ಹೊರೆದಳು. ಮನಸ್ಸು ಬಿಚ್ಚಿ ಮಾತಾಡಿ ಎಷ್ಟೋ ದಿನಗಳಾಗಿದ್ದವು. ವಾರಕ್ಕೊಮ್ಮೆ ಜೈಲಿನ ಜಾಲರಿಯ ಆಚೆ ಗಂಡ ನಾನಪ್ಪನ ಮುಖ ಕಾಣುತ್ತಿತ್ತು. ಅದಕ್ಕಾಗಿಯೇ ಅವಳು ಊರಿಗೆ ಹೋಗಿರಲಿಲ್ಲ.

ನಾನಪ್ಪ ಬೀಚಿನ ಒಂದು ಗೆಸ್ಟ್‌ಹೌಸಿನಲ್ಲಿ ಕೋಣೆ ಗುಡಿಸುತ್ತಿದ್ದ. 2007ರ ಡಿಸೆಂಬರಿನಲ್ಲಿ ಮಾಲೀಕ ಒಂದು ಚೀಲ ಕೊಟ್ಟು, "ಗಿರಾಕಿ ಬರೋತನಕ ನಿನ್ನ ಖೋಲಿಯಲ್ಲಿಟ್ಟುಕೋ" ಎಂದಿದ್ದ. ಮರುದಿನ ಮುಂಜಾನೆ ಪೊಲೀಸರು ನೇರ ಅದೇ ಖೋಲಿಗೆ ಬಂದರು. ಚೀಲದಲ್ಲಿ ಚರಸ್ ಇತ್ತು. ಮಾಲೀಕ ಆ ಚೀಲವನ್ನು ಕಂಡೇ ಇಲ್ಲವೆಂದ.

ಸರ್ಕಾರ ಕೊಟ್ಟ ವಕೀಲೆ ಅಶ್ವಿನಿ ಕಾರವಾರದವಳು. ನಾನಪ್ಪ ಜೈಲು ಸೇರಿ ಒಂದೂವರೆ ವರ್ಷವಾದ ಈ ಮಳೆಗಾಲದಲ್ಲಿ ಮಂಗಿಬಾಯಿ ಅವಳನ್ನು ಕೇಳಿಯೇಬಿಟ್ಟಳು.

"ಖೂನಿ ಮಾಡ್ದಾವ್ರಿಗೂ ಜಾಮೀನು ಸಿಗತೈತಿ. ನಮ್ಮನಿಯವ್ರಿಗೆ ಯಾಕ ಸಿಗವಲ್ದು ಅಕ್ಕಾರ?"

"ಚರಸ್ ಒಂದು ಕಿಲೋ ಮುಟ್ಟಿದ್ರೆ ಕಾನೂನೇ ಬೇರೆ, ಮಂಗಿಬಾಯಿ. ಜಾಮೀನು ಬಹಳ ಕಷ್ಟ. ಸಾಬೀತಾದ್ರೆ ಹತ್ತು ವರ್ಷಕ್ಕೆ ಕಡಿಮೆ ಶಿಕ್ಷೆ ಕೊಡೋಕೆ ಜಡ್ಜಿಗೂ ಅಧಿಕಾರ ಇಲ್ಲ. ಮೇಲೆ ಲಕ್ಷ ರೂಪಾಯಿ ದಂಡ. ಕಿಲೋ ಒಳಗಿದ್ರೆ ಅಷ್ಟು ಬಿಗಿ ಇರ್ತಿರಲಿಲ್ಲ."

"ಇವ್ರದು ಎಷ್ಟು ಬರದಾರ?"

"ಒಂದು ಕಿಲೋ ನಲವತ್ತು ಗ್ರಾಂ."

ನಲವತ್ತು ಗ್ರಾಂ ಅಂದರೆ ಎಷ್ಟೆಂದು ಮಣಿ ಮಾರುವವಳಿಗೆ ಗೊತ್ತಿತ್ತು. ಒಂದು ಹಿಡಿಯೂ ಇಲ್ಲ.

"ಯಾರು ತೂಗಿದ್ರು?"

"ಪೊಲೀಸರು. ಇಬ್ಬರು ಪಂಚರ, ಅಂದ್ರೆ ಸಾಕ್ಷಿಗಳ ಮುಂದೆ ತೂಗಿದ್ವಿ ಅಂತ ಬರೆದಿದ್ದಾರೆ. ಒಬ್ಬನ ವಿಳಾಸ ಸುಳ್ಳು. ಇನ್ನೊಬ್ಬ ಮಡಗಾಂವಿನ ಮೋತಿ ಡೊಂಗರ್‌ನ ಕಂಠೆಪ್ಪ. ಗೋಡೆ ಕಟ್ಟೋ ಗೌಂಡಿ ಕೆಲಸದವ."

ಮಂಗಿಬಾಯಿ ವಕೀಲೆಗೂ ಹೇಳದೆ ಮೋತಿ ಡೊಂಗರ್ ಗುಡ್ಡ ಹತ್ತಿದಳು. ಎರಡು ಭಾನುವಾರ ಓಣಿ ಓಣಿ ಸುತ್ತಿ ಬರಿಗೈಲಿ ಇಳಿದಳು. ಮೂರನೆಯ ಭಾನುವಾರ ಕಂಠೆಪ್ಪ ಊಟಕ್ಕೆ ಕೂತಾಗ ಸಿಕ್ಕಿದ.

"ಪೊಲೀಸರು ಚರಸ್ ಹಿಡದ ದಿನಾ ನೀವು ನಮ್ಮ ಖೋಲಿಗೆ ಬಂದಿದ್ರೇನ್ರಿ ಅಣ್ಣಾ?"

ಕಂಠೆಪ್ಪ ಕೈಯಲ್ಲಿದ್ದ ರೊಟ್ಟಿ ಇಳಿಸಿದ. "ಇಲ್ಲವಾ. ಠಾಣೆ ಬಾಜೂಕ ಕೆಲಸಕ್ಕಿದ್ದೆ. ಕರದು ಕುಂದ್ರಿಸಿ ಸಹಿ ತಗೊಂಡ್ರು. ಹಾಳಿ ಖಾಲಿ ಇತ್ತು."

"ತೂಗಿದ್ದು?"

"ತಕ್ಕಡಿನ ಇರಲಿಲ್ಲ."

ಅವನ ಹೆಂಡತಿ ಯಲ್ಲವ್ವ ನಡುವೆ ಬಂದಳು. "ನಿನ್ನ ಸಂಕಟ ನನಗೂ ತಿಳಿತೈತಿ ತಂಗಿ. ಆದ್ರ ಈ ಝೋಪಡಿ ಯಾವತ್ತು ಕೆಡವತಾರೋ ಅಂತ ಜೀವಾ ಹಿಡಕೊಂಡು ಕುಂತೇವಿ. ಪೊಲೀಸರನ್ನ ಎದುರು ಹಾಕ್ಕೊಂಡು ಎಲ್ಲಿಗೆ ಹೋಗೂಣು?"

"ಸುಳ್ಳು ಹೇಳಿಕೊಡಾಕ ಬಂದಿಲ್ರಿ ಅಕ್ಕಾ. ಕೋರ್ಟಿನ್ಯಾಗ ಕಂಡದ್ದಷ್ಟ ಹೇಳ್ರಿ" ಎಂದು ಮಂಗಿಬಾಯಿ ಎದ್ದಳು.

ಸೆಪ್ಟೆಂಬರಿನಲ್ಲಿ ಕೋರ್ಟಿನಲ್ಲಿ ಪೊಲೀಸರ ಕಡೆಯ ಸಾಕ್ಷಿಯಾಗಿ ಕಂಠೆಪ್ಪನ ಸರದಿ ಬಂತು. ಎರಡೂ ಬದಿಗೆ ಕಾನ್‌ಸ್ಟೇಬಲ್‌ಗಳಿದ್ದರು. ಅವನು ಮಂಗಿಬಾಯಿಯ ಕಡೆ ನೋಡಲಿಲ್ಲ. ಕೋರ್ಟಿನ ಗುಮಾಸ್ತನೊಬ್ಬ ಅವನ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದ.

"ಈ ಸಹಿ ನಿನ್ನದೇ?" ಸರ್ಕಾರಿ ವಕೀಲ ಕೇಳಿದ.

"ನಂದರಿ."

"ಚರಸ್ಸನ್ನು ನಿನ್ನ ಮುಂದೆಯೇ ತೂಗಿದರು, ಅಲ್ಲವೇ?"

ಕಂಠೆಪ್ಪ ಹಿಂದಕ್ಕೆ ತಿರುಗಿ ನೋಡಿದ. ಬಾಗಿಲ ಬಳಿ ಯಲ್ಲವ್ವ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

"ತಕ್ಕಡಿ ಇರಲಿಲ್ರಿ. ಆ ಖೋಲಿ ನಾ ನೋಡೇ ಇಲ್ರಿ. ಖಾಲಿ ಹಾಳಿ ಮ್ಯಾಲೆ ಸಹಿ ಮಾಡೇನಿ."

"ಸುಳ್ಳು ಸಾಕ್ಷಿ ಹೇಳಿದರೆ ಜೈಲಿಗೆ ಹೋಗುತ್ತೀಯ, ಗೊತ್ತೇ?"

"ಸುಳ್ಳಿಗೆ ಸಹಿ ಹಾಕಿಸ್ಕೊಂಡಾಗ ಯಾರೂ ಜೈಲಿನ ಮಾತು ಎತ್ತಲಿಲ್ಲಲ್ರಿ."

ಕಟಕಟೆಯಲ್ಲಿದ್ದ ನಾನಪ್ಪ ಮುಖ ಮುಚ್ಚಿಕೊಂಡು ಅತ್ತ.

ಅಕ್ಟೋಬರಿನಲ್ಲಿ ತೀರ್ಪು ಬಂತು. ಪಂಚ ಆರೋಪಿಯ ಕಡೆ ವಾಲಿದ್ದಾನೆ, ಅಧಿಕಾರಿಗಳ ಮಾತು ನಂಬಲರ್ಹ ಎಂದು ಬರೆದಿತ್ತು. ಹತ್ತು ವರ್ಷ. ಲಕ್ಷ ರೂಪಾಯಿ ದಂಡ. ಕಟ್ಟದಿದ್ದರೆ ಇನ್ನೊಂದು ವರ್ಷ.

"ಹಂಗಾರ ಕಂಠೆಪ್ಪಣ್ಣ ಹೇಳಿದ್ದು ನೀರಾಗ ಹೋತೇನ್ರಿ?"

"ಇಲ್ಲ, ದಾಖಲಾಗಿದೆ. ಅದನ್ನೇ ಹಿಡಿದು ಹೈಕೋರ್ಟಿಗೆ ಹೋಗ್ತೀವಿ" ಎಂದಳು ಅಶ್ವಿನಿ. "ಆದ್ರೆ ವರ್ಷಗಳೇ ಹಿಡಿಬಹುದು."

ಆ ವಾರ ಜಾಲರಿಯ ಆಚೆಯಿಂದ ನಾನಪ್ಪ, "ನೀ ಊರಿಗೆ ಹೋಗಿಬಿಡು" ಎಂದ. ಅವಳು ಒಲ್ಲೆನೆಂದು ತಲೆಯಾಡಿಸಿದಳು.

ಮರುದಿನ ಮಂಗಿಬಾಯಿ ಆ ಗೆಸ್ಟ್‌ಹೌಸಿನ ಗೇಟಿನೆದುರು ಚಾದರ ಹಾಸಿ ಮಣಿಸರ ಹರವಿದಳು. ಮಾಲೀಕ ಹೊರಗೆ ಬಂದ.

"ಏಳು. ಇಲ್ಲಿ ಕೂರಬೇಡ."

"ನಿಮ್ಮ ಚೀಲಾ ಕಾಯ್ದಾವ ಜೈಲಿನಾಗದಾನ. ಅವ ಬರೂತನಕ ನಾ ಇಲ್ಲೇ ಕುಂದರತೇನಿ."

"ಪೊಲೀಸರನ್ನ ಕರೀತೀನಿ."

"ಕರೀರಿ. ಹಾಳಿ ಓದಿಸಿಕೊಂಡ ಸಹಿ ಮಾಡಬೇಕಂತ ನಾನೂ ಕಲತೇನಿ."

ಮಾಲೀಕ ಸುತ್ತ ನೋಡಿದ. ಒಳಗಿನಿಂದ ಗಿರಾಕಿಗಳು ಬಗ್ಗಿ ನೋಡುತ್ತಿದ್ದರು. ಹೊಸ ಸೀಸನ್ನಿಗೆ ಮರಳಿದ್ದ ತಾಂಡಾದ ಹೆಂಗಸರು ದೂರದ ತೆಂಗಿನಮರಗಳ ಕೆಳಗೆ ಗುಂಪಾಗಿ ನಿಂತಿದ್ದರು. ಯಾರೂ ಬಂದು ಅವಳ ಪಕ್ಕದಲ್ಲಿ ಕೂರಲಿಲ್ಲ.

ಮಂಗಿಬಾಯಿ ಏಳಲಿಲ್ಲ.