ಡೆಲ್ಬರ್ಟ್ ಹೂಬರನ ಅಸಲಿ ರುಜು

ಮುದುಕರಾದ ಬೇಸ್‌ಬಾಲ್ ಆಟಗಾರರ ರುಜು ಕೂಡಿಸುವವರಿಗೆ ತಲೆ ಸರಿ ಇಲ್ಲ ಎಂದು ನನ್ನ ತಂಗಿ ಹೇಳುತ್ತಾಳೆ. ಹೇಳಿಕೊಳ್ಳಲಿ. ಅವಳು ಉಪ್ಪು-ಮೆಣಸಿನ ಡಬ್ಬಿ ಕೂಡಿಸುತ್ತಾಳೆ, ಮನೆ ತುಂಬ ಡಬ್ಬಿ, ಒಂದರಲ್ಲೂ ಚಿಟಿಕೆ ಉಪ್ಪಿಲ್ಲ. ನಾನು ಬರ್ನಿಸ್ ನೊವಾಕ್. ಟೋಲಿಡೊದ ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸಿ ಬಡಿಸಿ ನಿವೃತ್ತಳಾದವಳು. ನನ್ನ ಮೊಣಕಾಲು ಕೆಟ್ಟಿದೆ, ತಲೆ ನೆಟ್ಟಗಿದೆ.

ನನ್ನ ಬಳಿ ಒಂದು ಚೆಂಡಿದೆ. ಅದರ ಮೇಲೆ ಎಪ್ಪತ್ನಾಲ್ಕನೇ ಇಸವಿಯ ಟೋಲಿಡೊ ಗ್ಲೇಜಿಯರ್ಸ್ ತಂಡದ ಅಷ್ಟೂ ಜನರ ರುಜು ಇದೆ, ಒಬ್ಬನದು ಬಿಟ್ಟು. ಆ ಒಬ್ಬ, ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಡೆಲ್ಬರ್ಟ್ ಹೂಬರ್. ಅವನ ಕಥೆ ನಮ್ಮೂರಿನ ಹಸುಗೂಸಿಗೂ ಗೊತ್ತು. ಕೊನೆಯ ಪಂದ್ಯ, ಇನ್ನೊಬ್ಬ ಔಟಾದರೆ ಟೋಲಿಡೊ ಚಾಂಪಿಯನ್. ಬ್ಯಾಟನ್ನು ಸವರಿದ ಚೆಂಡು ನೆಟ್ಟಗೆ ಮೇಲೆ ಹೋಯಿತು, ನೆಟ್ಟಗೆ ಕೆಳಗೆ ಬಂತು. ಹೂಬರ್ ಅದರ ಅಡಿಯಲ್ಲೇ ನಿಂತಿದ್ದ. ನಮ್ಮಜ್ಜಿ ಮಡಿಲೊಡ್ಡಿ ಹಿಡಿಯಬಹುದಾಗಿದ್ದ ಚೆಂಡು ಅದು. ಅವನ ಕೈಗವಸಿನೊಳಕ್ಕೆ ಬಂದು, ಅಲ್ಲಿ ಕೂರದೆ, ನೆಲಕ್ಕೆ ಬಿತ್ತು. ಔಟಾಗದೆ ಉಳಿದ ಆ ಪುಣ್ಯಾತ್ಮ ಮುಂದಿನ ಎಸೆತವನ್ನೇ ಮೈದಾನದಾಚೆ ಅಟ್ಟಿದ. ಮುಗೀತು, ಸೋತೆವು. ಅಂದಿನಿಂದ ನಮ್ಮೂರಲ್ಲಿ ಯಾರ ಕೈಯಿಂದ ತಟ್ಟೆ ಜಾರಿದರೂ ಸುತ್ತ ಇದ್ದವರು 'ಹೂಬರ್!' ಎಂದು ಕೂಗುತ್ತಾರೆ. ಅವನ ಮುಖವನ್ನೇ ನೋಡಿರದ ಮಕ್ಕಳೂ ಕೂಗುತ್ತಾರೆ.

ಹೂಬರ್ ಊರು ಬಿಟ್ಟು ಫ್ರೀಮಾಂಟಿನ ಹೊರಗೆ ಮನೆ ಮಾಡಿದ. ಯಾವ ಸಮಾರಂಭಕ್ಕೂ ಬರಲಿಲ್ಲ. ಆದರೆ ನಮ್ಮಂಥವರು ಅವನ ಚಿತ್ರವಿರುವ ಕಾರ್ಡನ್ನು, ವಾಪಸ್ ಕಳಿಸಲು ಅಂಚೆಚೀಟಿ ಹಚ್ಚಿದ ಲಕೋಟೆಯ ಜೊತೆ ಕಳಿಸಿದರೆ ವಾರದೊಳಗೆ ರುಜು ಬರುತ್ತಿತ್ತು. ಎಂಥಾ ರುಜು ಅಂತೀರಿ! ದುಂಡಗೆ, ಬಳ್ಳಿ ಬಳ್ಳಿಯಾಗಿ, ಮದುವೆಯ ಕರೆಯೋಲೆಯಲ್ಲಿ ಬರೆಯುವಂಥ ಅಕ್ಷರ. ಜೊತೆಗೆ ಎರಡು ಸಾಲು ಒಳ್ಳೆಯ ಮಾತು. ನಾನೊಮ್ಮೆ ಮೊಣಕಾಲು ನೋವಿನ ವಿಷಯ ಬರೆದಿದ್ದೆ. 'ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಿ' ಎಂದು ಉತ್ತರ ಬಂತು. ಅಷ್ಟು ಒರಟು ಮೈಕಟ್ಟಿನ ಕ್ಯಾಚರಿಗೆ ಎಂಥಾ ತಾಯಿಕರುಳು ಎಂದು ನಾನು ಕಣ್ಣೊರೆಸಿಕೊಂಡಿದ್ದೆ. ಚೆಂಡು ಕಳಿಸಲೇ ಎಂದು ಕೇಳಿದ್ದಕ್ಕೆ ಮಾತ್ರ, 'ಕಾರ್ಡ್ ಎಷ್ಟಾದರೂ ಕಳಿಸಿ, ದಯವಿಟ್ಟು ಚೆಂಡು ಬೇಡ' ಎಂದು ಬಂತು. ಫೋನ್ ಮಾಡಿದರೆ ಯಾವಾಗಲೂ ಹೆಂಡತಿ ಆರ್ಡಿಸ್ ಎತ್ತಿ 'ಅವರು ಮನೇಲಿಲ್ಲ' ಎನ್ನುತ್ತಿದ್ದಳು.

ಈ ಮಾರ್ಚಿನಲ್ಲಿ ಒಂದು ದಿನ ಫೋನ್ ಮಾಡಿದರೆ ಅವನೇ ಎತ್ತಿದ. ಹೆಂಡತಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಅಕ್ಕನ ಮನೆಯಲ್ಲಿದ್ದಳಂತೆ. ಅಗ್ನಿಶಾಮಕ ದಳದ ಹಾಲ್‌ನಲ್ಲಿ ಶನಿವಾರ ನಮ್ಮ ಕಾರ್ಡ್ ಮೇಳ ಇದೆ, ಬಂದು ರುಜು ಹಾಕಬೇಕು ಎಂದು ಕೇಳಿದೆ.

"ಯಾರಿಗೆ ಹಾಕ್ಬೇಕು?" ಎಂದ.

"ಜನಕ್ಕೆ."

"ಯಾವ ಜನ? ಆಟ ಬಿಟ್ಟಮೇಲೆ ಒಂದು ನರಪಿಳ್ಳೆ ನನ್ನ ಸಹಿ ಕೇಳಿಲ್ಲ ಕಣಮ್ಮ. ಬೈಯೋಕೆ ಕರೀತಿದೀರಾ?"

ವಯಸ್ಸಾಯಿತು, ಮರೆವು ಎಂದುಕೊಂಡೆ. ಶನಿವಾರ ಬೆಳಿಗ್ಗೆ ನನ್ನ ಕಾರಿನಲ್ಲೇ ಕರೆತಂದೆ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಗೇಟಿನಲ್ಲೇ ಕಾಯುತ್ತಿದ್ದ. ದಾರಿಯಲ್ಲಿ ಮೂರು ಸಲ ಕೇಳಿದ, "ನಿಜವಾಗ್ಲೂ ಯಾರಾದ್ರೂ ಬರ್ತಾರಾ?" ಅಂತ. ಉಪ್ಪಿನ ಶಾಖಕ್ಕೆ ನಾನು ಥ್ಯಾಂಕ್ಸ್ ಹೇಳಿದಾಗ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಹುಚ್ಚಿಯ ಕಾರು ಹತ್ತಿದೆನಲ್ಲಪ್ಪ ಎಂಬ ಮುಖ.

ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಮೂಲೆಯಲ್ಲಿ ಚರ್ಚಿನ ಹೆಂಗಸರು ಬಿಸಿ ಪಿಯರೋಗಿ ಕಡುಬು ಮಾರುತ್ತಿದ್ದರು. ಹೂಬರನ ಮೇಜಿನ ಮುಂದೆ ಆಗಲೇ ಸಾಲು ಬಾಗಿಲು ದಾಟಿ ನಿಂತಿತ್ತು. ಆ ಸಾಲು ಕಂಡು ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ದೊಡ್ಡವರು ಬರುತ್ತಿದ್ದಾರೇನೋ ಎಂದು.

ಈಗ ಆ ಪ್ರೆಸ್ಟನ್ನನ ವಿಷಯ ಹೇಳಬೇಕು. ಹೋದ ವರ್ಷ ನಮ್ಮ ಮೇಳದಲ್ಲಿ ಯಾವನೋ ಕಳ್ಳ, ಸತ್ತು ಮಣ್ಣಾದ ಆಟಗಾರರ ರುಜುಗಳನ್ನು ಹಸಿ ಶಾಯಿಯಲ್ಲೇ ಮಾರಿ ಹೋಗಿದ್ದ. ಹಾಗಾಗಿ ಮೇಳ ನಡೆಸುವ ಗಸ್ ಈ ಸಲ ಪರೀಕ್ಷಕನೊಬ್ಬನನ್ನು ಕೂರಿಸಿದ್ದ. ಟೈ ಕಟ್ಟಿದ, ಭೂತಗನ್ನಡಿ ಹಿಡಿದ ಹುಡುಗುಮುಖದ ಗಂಡಸು. ಕಂಪ್ಯೂಟರಿನಲ್ಲಿರುವ ಹಳೆಯ ರುಜುಗಳ ಜೊತೆ ಹೋಲಿಸಿ, ಸರಿ ಇದ್ದರೆ ಹೊಳೆಯುವ ಸ್ಟಿಕ್ಕರ್ ಅಂಟಿಸುತ್ತಾನೆ. ಸ್ಟಿಕ್ಕರ್ ಇಲ್ಲದ ಯಾವ ರುಜುವೂ ಹಾಲ್‌ನಿಂದ ಆಚೆ ಹೋಗಕೂಡದು ಎಂಬುದು ನಿಯಮ. ನನ್ನ ಚೆಂಡು ಊರಿನ ಲೈಬ್ರರಿಯ ಗಾಜಿನ ಪೆಟ್ಟಿಗೆಗೆ ಹೋಗಬೇಕಾದರೂ ಅದೇ ಸ್ಟಿಕ್ಕರ್ ಬೇಕು.

ಸಾಲಿನ ಮೊದಲನೆಯವನ ಕಾರ್ಡಿಗೆ ಹೂಬರ್ ರುಜು ಹಾಕಿದ. ಕೋಳಿ ಕೆದರಿದ ಹಾಗೆ ನಾಲ್ಕು ಗೀಟು. ಪ್ರೆಸ್ಟನ್ ಅದನ್ನು ನೋಡಿದ, ಕಂಪ್ಯೂಟರ್ ನೋಡಿದ, ಮತ್ತೆ ಇದನ್ನು ನೋಡಿದ.

"ಇದು ನಕಲಿ," ಎಂದ.

"ನನ್ ಕಣ್ಣೆದುರಿಗೇ ಹಾಕಿದಾರಲ್ಲೋ ಮಾರಾಯ!" ಎಂದೆ ನಾನು.

"ಇರಬಹುದು ಮೇಡಂ. ಆದ್ರೆ ಇದು ಡೆಲ್ಬರ್ಟ್ ಹೂಬರ್ ಸಹಿ ಅಲ್ಲ."

"ನಾನೇ ಅಲ್ವೇನಪ್ಪಾ ಹೂಬರ್," ಎಂದ ಮುದುಕ.

"ನೀವು ನೀವಲ್ಲ ಅಂತ ನಾನು ಹೇಳ್ತಿಲ್ಲ ಸರ್. ನಿಮ್ಮ ಸಹಿ ನಿಮ್ಮದಲ್ಲ ಅಂತಿದೀನಿ ಅಷ್ಟೆ."

ಹೂಬರ್ ತನ್ನ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಟ್ಟ. ಪ್ರೆಸ್ಟನ್ ಅದರ ಮೇಲಿನ ರುಜುವಿಗೂ ಭೂತಗನ್ನಡಿ ಹಿಡಿದ. "ಇದೂ ನಕಲಿ," ಎಂದು ಲೈಸೆನ್ಸನ್ನು ಎರಡು ಬೆರಳಲ್ಲಿ ಹಿಡಿದು ಗಸ್‌ಗೆ ಕೊಟ್ಟ. "ಈ ಮನುಷ್ಯ ತುಂಬಾ ದಿನದಿಂದ ಈ ಕೆಲಸದಲ್ಲಿ ಇದಾನೆ."

ಜನ ಗುಸುಗುಸು ಶುರು ಮಾಡಿದರು. ತಮ್ಮ ತಮ್ಮ ಹಳೆಯ ಕಾರ್ಡುಗಳನ್ನು ತೆಗೆದು ಹೋಲಿಸಿದರು. ಹೌದಲ್ಲ! ಇಲ್ಲಿ ಬಳ್ಳಿ, ಅಲ್ಲಿ ಕೋಳಿಕಾಲು. ಇವನು ಯಾರೋ ವೇಷಗಾರ ಎಂದು ಹಿಂದಿನಿಂದ ಒಬ್ಬ ಕೂಗಿದ. ಗಸ್ ಬೆವರೊರೆಸಿಕೊಂಡು, ಹೂಬರ್ ಆಗಿದ್ದರೆ ಆ ಚೆಂಡು ಹೇಗೆ ಬಿತ್ತು ಹೇಳಲಿ ಎಂದ. ಎಂಥಾ ದರಿದ್ರ ಪ್ರಶ್ನೆ! ನಾನು ಅವನಿಗೆ ಉಗಿಯಬೇಕು ಅನ್ನುವಷ್ಟರಲ್ಲಿ ಮುದುಕ ಎದ್ದು ನಿಂತು ಹೇಳಿಯೇಬಿಟ್ಟ.

"ಬಿಸಿಲಿರ್ಲಿಲ್ಲ. ಗಾಳಿ ಇರ್ಲಿಲ್ಲ. ಯಾರೂ ಅಡ್ಡ ಬರ್ಲಿಲ್ಲ. ಹಿಡಿದೆ ಅಂದ್ಕೊಂಡು ಸುಮ್ನೆ ಕೈ ಸಡಿಲ ಬಿಟ್ಟೆ. ಅಷ್ಟೇ."

ಅಷ್ಟರಲ್ಲಿ ಯಾವ ಮೂದೇವಿಗೆ ಹೊಳೆಯಿತೋ ಕಾಣೆ, "ಇದನ್ನ ಯಾರು ಬೇಕಾದ್ರೂ ಹೇಳ್ಬಹುದು. ಒಂದು ಚೆಂಡು ಎಸೆದು ನೋಡ್ರೋ! ಬಿಟ್ರೆ ಹೂಬರ್!" ಎಂದ. ಎಲ್ಲರಿಗೂ ಅದು ಬಲು ನ್ಯಾಯವಾಗಿ ಕಂಡಿತು. ಬೇಸ್‌ಬಾಲ್ ಹುಚ್ಚು ಹಿಡಿದವರ ಬುದ್ಧಿ ಹೀಗೇ. ಗಸ್ ಒಂದು ಹೊಸ ಚೆಂಡು ತೆಗೆದುಕೊಂಡು ಛಾವಣಿ ಮುಟ್ಟುವ ಹಾಗೆ ಮೇಲೆ ಎಸೆದ.

ಅದು ನೆಟ್ಟಗೆ ಹೋಯಿತು, ನೆಟ್ಟಗೆ ಬಂತು. ಎಂಬತ್ತು ದಾಟಿದ ಮುದುಕ ಕುರ್ಚಿ ಹಿಂದಕ್ಕೆ ತಳ್ಳಿ, ಒಂದು ಹೆಜ್ಜೆ ಪಕ್ಕಕ್ಕಿಟ್ಟು, ಬರಿಗೈಯಲ್ಲಿ ಟಪ್ಪನೆ ಹಿಡಿದ. ಎರಡೂ ಕೈಯಲ್ಲಿ ಅವುಚಿಕೊಂಡು ನಿಂತ. ಅವನ ಮುಖ ನೋಡಿ ನನಗೆ ಅಳುವೇ ಬಂತು.

"ಹಿಡಿದ!" ಎಂದು ಹಾಲ್‌ನಲ್ಲಿದ್ದವರೆಲ್ಲ ಕೂಗಿದರು. "ಇವನು ಹೂಬರ್ ಅಲ್ಲವೇ ಅಲ್ಲ! ಆಚೆ ಹಾಕ್ರಿ ಕಳ್ಳನ್ನ!"

"ನಿಮ್ಮ ಬಾಯಿಗೆ ಮಣ್ಣು ಹಾಕ!" ಎಂದು ನಾನು ಮೇಜಿನ ಮುಂದೆ ಅಡ್ಡ ನಿಂತೆ. ಗಸ್ ಮುದುಕನ ತೋಳಿಗೆ ಕೈ ಹಾಕಿದ. ಹೂಬರ್ ಎಳೆದಾಡಲಿಲ್ಲ. "ನಾನು ಮೊದ್ಲೇ ಹೇಳಿದ್ನಲ್ಲಮ್ಮ," ಎಂದು ನನ್ನ ಕಡೆ ತಿರುಗಿದ. "ಈ ಜನ ನನಗೋಸ್ಕರ ಬಂದಿಲ್ಲ. ಆ ಚೆಂದದ ಸಹಿ ಹಾಕೋನು ಬೇರೆ ಯಾರೋ. ಅವನನ್ನ ಕರೀರಿ."

ಆಗ ಬಾಗಿಲಲ್ಲಿ ಗದ್ದಲವಾಯಿತು. ಮನೆಯಲ್ಲಿ ಹಾಕುವ ಮೆತ್ತನೆ ಚಪ್ಪಲಿ, ಒಂದು ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ, ಅಂಗಿಯ ಗುಂಡಿ ಮೇಲೆ ಕೆಳಗೆ. ಹೆಂಗಸೊಬ್ಬಳು ಸಾಲನ್ನು ಮೊಣಕೈಯಲ್ಲಿ ತಿವಿಯುತ್ತ ಬಂದಳು. ಆರ್ಡಿಸ್. ಗಂಡ ಮೇಳಕ್ಕೆ ಹೋಗಿದ್ದಾನೆಂದು ಪಕ್ಕದ ಮನೆಯವರಿಂದ ತಿಳಿದು, ಅಕ್ಕನ ಕಾರಿನಲ್ಲಿ ಓಡಿ ಬಂದಿದ್ದಳು.

"ಕೈ ತೆಗಿ ಅವರ ಮೇಲಿಂದ!" ಎಂದು ಗಸ್‌ಗೆ ಗದರಿದಳು. ಪ್ರೆಸ್ಟನ್ನನ ಎದುರಿದ್ದ ಪೆನ್ನು ಕಸಿದು, ಒಂದೇ ಕಣ್ಣಲ್ಲಿ, ಕಡುಬಿನ ಕಾಗದದ ತಟ್ಟೆಯ ಮೇಲೆ ಸರ್ರನೆ ಬರೆದಳು. ದುಂಡಗೆ, ಬಳ್ಳಿ ಬಳ್ಳಿಯಾಗಿ, ಡೆಲ್ಬರ್ಟ್ ಹೂಬರ್.

ಪ್ರೆಸ್ಟನ್ ಭೂತಗನ್ನಡಿ ಹಿಡಿದ. "ಅಸಲಿ," ಎಂದ ಆ ಪೆದ್ದ. ತಟ್ಟೆಗೆ ಸ್ಟಿಕ್ಕರನ್ನೂ ಅಂಟಿಸಿದ.

ಹೂಬರ್ ತಟ್ಟೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಏನಿದು ಆರ್ಡಿಸ್?"

"ಮೊದಲನೇ ವರ್ಷ ಬಂದ ಕಾಗದಗಳನ್ನ ನಾನು ಓದಿದೆ ಡೆಲ್. ಎಂಥಾ ಮಾತು ಬರೆದಿದ್ರು ಅಂತೀಯಾ. ಸಾಯಿ ಅಂತ ಬರೆದಿದ್ರು. ಎಲ್ಲಾ ಒಲೆಗೆ ಹಾಕಿದೆ. ನೀನು ಆಗ ಊಟ ಬಿಟ್ಟಿದ್ದೆ, ರೇಡಿಯೋ ಒಡೆದಿದ್ದೆ, ನಿನಗೆ ಹೇಗೆ ಕೊಡ್ಲಿ? ಆಮೇಲೆ ಒಳ್ಳೇವು ಬರೋಕೆ ಶುರುವಾಯ್ತು. ಸಹಿ ಬೇಕು ಅಂತ. ಒಳ್ಳೇದು ಕೊಟ್ರೆ ಕೆಟ್ಟದ್ದೂ ನಿನ್ನ ಕೈಗೆ ಸಿಗುತ್ತಲ್ಲ ಅಂತ ಹೆದ್ರಿಕೆ. ಪಾಪ ಕೇಳಿದೋರಿಗೆ ಇಲ್ಲ ಅನ್ನೋದು ಹೇಗೆ? ದಿನಾ ನಿನಗಿಂತ ಮೊದ್ಲು ಅಂಚೆಪೆಟ್ಟಿಗೆ ತೆಗೆದು, ನಾನೇ ಹಾಕಿ ಕಳಿಸಿದೆ."

"ಕೇಳಿದ್ರಾ? ನನ್ನ ಸಹಿನಾ?"

"ಕೇಳಿದ್ರು. ಈಗ್ಲೂ ಕೇಳ್ತಾರೆ. ಮೊನ್ನೆ ಆಸ್ಪತ್ರೆಗೆ ಹೋಗೋ ದಿನವೂ ಹಾಕಿದೀನಿ."

ಅವನು ಸಾಲಿನ ಕಡೆ ತಿರುಗಿದ. "ನಿಮ್ಮಲ್ಲಿ ಯಾರು ಬರೆದಿದ್ರಿ?"

ನಾನು ಕೈ ಎತ್ತಿದೆ. ಮೊದಲನೆಯವನು ಎತ್ತಿದ. ಆಮೇಲೆ ಸಾಲು ಪೂರ್ತಿ, ಬಾಗಿಲ ಹೊರಗಿದ್ದವರೂ, ಕೊನೆಗೆ ನಾಚಿಕೊಂಡು ಪ್ರೆಸ್ಟನ್ನೂ. ಈಗ ತಾನೇ 'ಕಳ್ಳನ್ನ ಆಚೆ ಹಾಕ್ರಿ' ಎಂದವರದೇ ಕೈಗಳು. ಹೂಬರ್ ಕುರ್ಚಿ ಎಳೆದುಕೊಂಡು ಕೂತ.

"ಇಷ್ಟು ವರ್ಷ," ಎಂದ ಹೆಂಡತಿಗೆ. ಕೈಯಲ್ಲಿದ್ದ ಚೆಂಡನ್ನು ಸಿಟ್ಟಿನಿಂದ ಮೇಜಿಗೆ ಕುಕ್ಕಿದ. "ಇಷ್ಟು ವರ್ಷ ಊರಿಗೆ ಊರೇ ನನ್ನ ಮುಖ ನೋಡಲ್ಲ ಅಂದ್ಕೊಂಡು ತಲೆ ತಗ್ಗಿಸಿ ಬದುಕಿದೆನಲ್ಲೇ!"

"ಗೊತ್ತು. ತಪ್ಪಾಯ್ತು. ನಿಲ್ಲಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ," ಎಂದಳು ಆರ್ಡಿಸ್. ಮುಚ್ಚಳದ ಅಡಿಯಿಂದಲೂ ನೀರು ಇಳಿಯುತ್ತಿತ್ತು. ಆಪರೇಷನ್ ಆದ ಕಣ್ಣಲ್ಲಿ ಅಳಬಾರದು ಕಣೇ ಎಂದು ಅವಳ ಅಕ್ಕ ಹಿಂದಿನಿಂದ ಗೊಣಗಿದಳು.

ನನ್ನ ಚೆಂಡನ್ನು ತೆಗೆದು ಅವನ ಮುಂದಿಟ್ಟೆ. "ಹಾಕಿ," ಎಂದೆ.

"ನಕಲಿ ಆಗುತ್ತಮ್ಮ."

"ಆಗ್ಲಿ."

"ಮೇಡಂ, ಸ್ಟಿಕ್ಕರ್ ಕೊಡೋಕಾಗಲ್ಲ, ಲೈಬ್ರರಿ ತಗೊಳಲ್ಲ," ಎಂದು ಪ್ರೆಸ್ಟನ್ ಬಾಯಿ ಹಾಕಿದ.

"ನಿನ್ನ ಸ್ಟಿಕ್ಕರ್ ನಿನ್ನ ಹಣೆಗೆ ಅಂಟಿಸ್ಕೋ," ಎಂದೆ. ಹೂಬರ್ ಜೊತೆಗಾರರ ಹೆಸರುಗಳ ನಡುವೆ ಖಾಲಿ ಉಳಿದಿದ್ದ ಜಾಗದಲ್ಲಿ ಕೋಳಿಕಾಲು ಎಳೆದ.

ಸಾಲು ಮಾತ್ರ ಇಬ್ಭಾಗವಾಯಿತು. ನಮ್ಮ ಜನ ಬಿಡುತ್ತಾರೆಯೇ? ಅರ್ಧಕ್ಕರ್ಧ ಆರ್ಡಿಸಳ ಮುಂದೆ ಕಾರ್ಡ್ ಹಿಡಿದು ನಿಂತರು, ಅವಳದೇ ಅಸಲಿ ಎಂದು. ಅವಳು ಗಂಡನ ಮುಖ ನೋಡಿದಳು. ಅವನು ತನ್ನ ಕುರ್ಚಿಯಿಂದ ಎದ್ದ. ಮೇಜು ಸುತ್ತಿ ಬಂದು, ಹೆಂಡತಿಯ ಸಾಲಿನ ಕೊನೆಯಲ್ಲಿ ನಿಂತ. ಮುಂದಿದ್ದವರು ಜಾಗ ಬಿಡುತ್ತೇವೆಂದರೂ ಒಪ್ಪಲಿಲ್ಲ. ತನ್ನ ಸರದಿ ಬಂದಾಗ, ಆಗ ಹಿಡಿದ ಚೆಂಡನ್ನು ಅವಳ ಮುಂದಿಟ್ಟ.

"ಬರಿ."

ಅವಳು ಅಭ್ಯಾಸಬಲದಿಂದ ಅವನ ಹೆಸರಿನ ಮೊದಲ ಅಕ್ಷರದ ಬಳ್ಳಿ ಎಳೆದಳು.

"ನಂದಲ್ಲ," ಎಂದ. "ನಿಂದು."

ಪೆನ್ನು ನಿಂತಿತು. ಆಮೇಲೆ ಪಕ್ಕದಲ್ಲಿ, ಒಂದನೇ ತರಗತಿಯ ಮಗುವಿನ ಹಾಗೆ ನಿಧಾನವಾಗಿ, ಆರ್ಡಿಸ್ ಎಂದು ಬರೆದಳು. ಅದರಲ್ಲಿ ಬಳ್ಳಿಯೂ ಇರಲಿಲ್ಲ, ದುಂಡೂ ಇರಲಿಲ್ಲ.

ಅವನು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, ಕೋಟಿನ ಜೇಬಿಗೆ ಹಾಕಿಕೊಂಡ. "ನಾಳೆಯಿಂದ ಕಾಗದ ನಾನೇ ಒಡೆದು ಓದ್ತೀನಿ," ಎಂದ. "ಬೈದಿರೋದನ್ನೂ ಸೇರಿಸಿ. ಒಂದನ್ನೂ ಮುಚ್ಚಿಡಬೇಡ."

"ಬೈದಿರೋದು ಯಾವ್ದೂ ಬರಲ್ಲ ಡೆಲ್," ಎಂದಳು ಆರ್ಡಿಸ್, ಮೂಗೊರೆಸಿಕೊಂಡು. "ಬೈಯೋರೆಲ್ಲ ಯಾವಾಗ್ಲೋ ಸತ್ತೋದ್ರು. ಈಗ ಉಳ್ದಿರೋದು ಕೇಳೋರು ಮಾತ್ರ."