ಪರದೇಶಕ್ಕೆ ಹೋದ ಜೋಳ

“ಲೇ ಸೂಳಿಮಗನ, ಎಮ್ಮಿ ಸತ್ತು ಎಷ್ಟೊತ್ತಾತು? ಎಳಿಯಾಕ ಬಾ ಅಂತ ನಿನಗೇನು ಅಕ್ಕಿಕಾಳು ಕೊಟ್ಟು ಕರೀಬೇಕೇನಲೇ?”

ಬಸಂತರಾಯಗೌಡ ಕಟ್ಟೆಯ ಮೇಲೆ ನಿಂತು ಹಲ್ಲುಜ್ಜುತ್ತ, ಉಗುಳುತ್ತ, ನಡುನಡುವೆ ಬೈಯುತ್ತಿದ್ದ. ಮೂರೂ ಕೆಲಸಕ್ಕೆ ಅವನಿಗೆ ಒಂದೇ ಬಾಯಿ ಸಾಕಾಗುತ್ತಿತ್ತು. ಧರೆಪ್ಪ ಹಗ್ಗ ಹಿಡಿದು ಅಂಗಳದ ಹೊರಗೆ ನಿಂತಿದ್ದ. ಅವನ ಅಪ್ಪ ನಿಂತಿದ್ದೂ ಅಲ್ಲೇ, ಅಪ್ಪನ ಅಪ್ಪ ನಿಂತಿದ್ದೂ ಅಲ್ಲೇ. ಒಳಗೆ ಕಾಲಿಡಲು ಅವರಿಗೆ ಅಪ್ಪಣೆ ಸಿಗುತ್ತಿದ್ದುದು ಹಿತ್ತಿಲಲ್ಲಿ ಏನಾದರೂ ಸತ್ತಾಗ ಮಾತ್ರ.

“ಬಂದೇನಲ್ರಿ ಎಪ್ಪಾ.”

ಅಷ್ಟರಲ್ಲಿ ಊರ ಸರಕಾರಿ ಲೆಕ್ಕ ಬರೆಯುವ ತಲಾಟಿ ಹಣಮಂತ್ರಾಯ ಕಾಗದವೊಂದನ್ನು ಬೀಸುತ್ತ ಓಡಿಬಂದ.

“ಗೌಡ್ರ, ಎಮ್ಮಿ ಎಲ್ಲಿ ಓಡಿ ಹೋಗ್ತೈತ್ರಿ? ಸಾಹೇಬ್ರು ಮಧ್ಯಾಹ್ನಕ್ಕ ಬರ್ತಾರ. ಮೊದಲ ಡಂಗುರ ಆಗ್ಲಿ. ಮಂದಿ ಸೇರ್ಲಿಲ್ಲಂದ್ರ ಫೋಟೊದಾಗ ನಾವಿಬ್ರೇ ಕಾಣ್ತೀವ್ರಿ.”

ಫೋಟೊ ಅಂದ ಕೂಡಲೇ ಗೌಡ ಎಮ್ಮೆಯನ್ನು ಮರೆತ. ತಲಾಟಿ ಧರೆಪ್ಪನ ಕಡೆ ತಿರುಗಿ ಹೇಳಿದ: “ಸರಕಾರದವ್ರು ಪರದೇಶದ ಮಂದಿಗಿ ಜೋಳ ಕೊಡಾಕತ್ತಾರ, ಸಮಸ್ತರೂ ಚಾವಡಿ ಮುಂದ ಹಾಜರಾಗಬೇಕು ಅಂತ ಸಾರು.”

“ಪರದೇಶಿಗಳಿಗೇನ್ರಿ?”

“ಹೂನಲೇ, ಪರದೇಶಿಗಳಿಗೆ. ನಡಿ, ಹಲಗಿ ಕಾಸು.”

ಧರೆಪ್ಪ ಕೈಯಲ್ಲಿದ್ದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. ಆ ಸೀಮೆಯಲ್ಲಿ ಪರದೇಶಿ ಅಂದರೆ ಸಮುದ್ರದಾಚೆಯವನೆಂದು ಯಾರೂ ತಿಳಿದವರಲ್ಲ. ತಾಯಿ ಸತ್ತ ಕೂಸು ಪರದೇಶಿ. ಗಂಡ ಬಿಟ್ಟ ಹೆಣ್ಣು ಪರದೇಶಿ. ಹಿಂದಿಲ್ಲ ಮುಂದಿಲ್ಲ, ಕೇಳುವವರಿಲ್ಲ ಎನ್ನುವವರೆಲ್ಲ ಪರದೇಶಿಗಳು. ಧರೆಪ್ಪನ ಅಪ್ಪ ಅವ್ವ ಒಂದೇ ವಾರದಲ್ಲಿ ವಾಂತಿಭೇದಿಗೆ ಹೋದಾಗ ಅವನಿಗೆ ಐದು ವರ್ಷ. ಅಂದಿನಿಂದ ಊರಿಗೆಲ್ಲ ಅವನು ಪರದೇಶಿ ಧರ್ಯಾ. ಆ ಹೆಸರಿನಿಂದ ಅವನಿಗೆ ಬೈಗುಳ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಇವತ್ತು ಜೋಳ ಸಿಗುತ್ತದೆ!

ಜೋಳ ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಬರ ಬಿದ್ದು ಎರಡನೆಯ ವರ್ಷ. ಸಿಂದಗಿ ರಸ್ತೆಯ ಬದಿ ಸರ್ಕಾರ ಖಡಿ ಒಡೆಯುವ ಕೆಲಸ ತೆಗೆದಿತ್ತು. ಕಲ್ಲು ಒಡೆದವರಿಗೆ ಮಧ್ಯಾಹ್ನ ಗಂಜಿ. ಎಂಟು ದಿನ ಗಂಜಿ ಕುದಿಯಿತು, ಒಂಬತ್ತನೆಯ ದಿನ ತಲಾಟಿ “ಜೋಳ ಬಂದಿಲ್ಲ” ಅಂದ. ಬಂದ ಜೋಳ ಚಾವಡಿಯ ಒಳಗೆ ಚೀಲದ ಮೇಲೆ ಚೀಲ ಕೂತಿತ್ತು. ಇಲಿಗಳಿಗೆ ಬಂದಿತ್ತು, ಮಂದಿಗೆ ಬಂದಿರಲಿಲ್ಲ. ಧರೆಪ್ಪನ ಹೆಂಡತಿ ಸುಂದರವ್ವ ಹಡೆದು ಹದಿಮೂರು ದಿನವಾಗಿತ್ತು. ಹುಣಸೆಬೀಜ ಕುದಿಸಿ ತಿಂದ ಬಾಣಂತಿಗೆ ಹಾಲು ಎಲ್ಲಿಂದ ಬರಬೇಕು? ಕೂಸು ಚೀಪಿ ಚೀಪಿ ಸೋತು, ಅಳುವುದನ್ನೂ ಬಿಟ್ಟಿತ್ತು. ಅಳು ನಿಂತದ್ದೇ ಧರೆಪ್ಪನಿಗೆ ಹೆಚ್ಚು ಹೆದರಿಕೆ ತಂದಿತ್ತು.

ಚರ್ಮ ಬಿಗಿಯಾಗಲೆಂದು ಅವನು ಹಲಗೆಯನ್ನು ಬೆಂಕಿಗೆ ಕಾಸಿದ. ಮೇಲಿನ ಓಣಿಯಲ್ಲಿ ಒಂದು ಸಲ ಸಾರಿದ, ಹೊಲಗೇರಿಯಲ್ಲಿ ನಾಲ್ಕು ಸಲ.

“ಕೇಳ್ರೆಪೋ ಕೇಳ್ರಿ! ಸರಕಾರದವ್ರು ಪರದೇಶಿಗಳಿಗೆ ಜೋಳ ಕೊಡ್ತಾರ! ಪರದೇಶಿ ಆದವ್ರೆಲ್ಲ ಚಾವಡಿ ಮುಂದ ಬರ್ಬೇಕ್ರೆಪೋ!”

ನಿನ್ನೆಯ ತನಕ ಪರದೇಶಿ ಅಂದರೆ ಕಪಾಳಕ್ಕೆ ಬಿಗಿಯುತ್ತಿದ್ದವರು ಇವತ್ತು ನಾನು ಪರದೇಶಿ, ನಾನು ನಿನಗಿಂತ ದೊಡ್ಡ ಪರದೇಶಿ ಎಂದು ಜಗಳಕ್ಕೆ ನಿಂತರು. ಕೇರಿಯ ಅಂಚಿನ ಗುಡಿಸಲಿನ ಜೈತುನಬಿಗೆ ಚಿಂತೆಯಿರಲಿಲ್ಲ, ಗಂಡ ಸತ್ತಿದ್ದ, ಮಗ ಸೊಲ್ಲಾಪುರದ ಗಿರಣಿಗೆಂದು ಹೋದವನು ಹೋಗಿಯೇ ಬಿಟ್ಟಿದ್ದ. ತೊಂದರೆಯಾದದ್ದು ಅಪ್ಪ ಬದುಕಿದ್ದವರಿಗೆ.

“ಎಪ್ಪಾ, ಇವತ್ತೊಂದಿನ ನೀ ಸತ್ತೀ ಅಂತ ಹೇಳ್ತೇನಿ, ಸಿಟ್ಟಾಗಬ್ಯಾಡ” ಎಂದು ಮಾನಪ್ಪ ಅಪ್ಪನ ಕಾಲು ಹಿಡಿದ.

“ಹೇಳಪಾ, ಹೇಳು. ಜೋಳ ಬರಲಿಲ್ಲಂದ್ರ ಖರೇನ ಸಾಯ್ತೇನಿ” ಅಂದ ಮುದುಕ.

ಧರೆಪ್ಪನನ್ನು ಸಾಕಿದ ದೊಡ್ಡವ್ವ ಗುಂಡವ್ವ ಮಾತ್ರ ಅನುಮಾನದಿಂದ ಮೂಗು ತಿಕ್ಕಿಕೊಂಡಳು. “ಸರಕಾರಕ್ಕ ನಮ್ಮ ಹೆಸರು ಹೆಂಗ ಗೊತ್ತಾತೋ ಧರ್ಯಾ? ಓಟಿನ ದಿನಾನೂ ಅಲ್ಲ.” ಹಾಗಂದರೂ ಹರಕು ಕೌದಿಯನ್ನು ಬಗಲಲ್ಲಿಟ್ಟುಕೊಂಡೇ ಹೊರಟಳು.

ಚಾವಡಿಯ ಮುಂದೆ ಹಂದರ, ಮೇಜು, ಮೇಜಿನ ಮೇಲೆ ಹೂವಿನ ಹಾರ. ಬದಿಗೆ ಖಾಲಿ ಲಾರಿ. ಸಾಹೇಬರು ಜೀಪಿನಿಂದಿಳಿದು ಮಂದಿಯನ್ನು ನೋಡಿ ದಂಗಾದರು. ಇನ್ನೂರು ಜನ! ಎಲ್ಲರ ಕೈಯಲ್ಲೂ ಚೀಲ, ಬುಟ್ಟಿ, ಕೌದಿ.

“ಎಂಥ ಉತ್ಸಾಹ ಗೌಡರೇ! ಇವರೂ ಧಾನ್ಯ ತಂದಿದ್ದಾರೆಯೆ?”

ಗೌಡನಿಗೂ ತಿಳಿಯಲಿಲ್ಲ. ಆದರೂ “ನಮ್ಮ ಊರು ಅಂದ್ರ ಹಂಗ್ರೀ” ಎಂದು ಮೀಸೆ ಮೇಲೆ ಕೈಯಾಡಿಸಿದ.

ಸಾಹೇಬರು ಬೆಂಗಳೂರಿನ ಕಡೆಯವರು. ಪುಸ್ತಕದ ಕನ್ನಡದಲ್ಲಿ ಭಾಷಣ ಶುರುಮಾಡಿದರು.

“ಮಹಾಜನರೇ! ಪರದೇಶಿಗಳು ಎಂದರೆ ಬೇರೆ ಯಾರೂ ಅಲ್ಲ, ನಮ್ಮ ಅಣ್ಣತಮ್ಮಂದಿರು!”

ಹೊಲಗೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೀಗಂತ ಅವರಿಗೆ ಯಾರೂ ಅಂದಿರಲಿಲ್ಲ.

“ಅವರ ಒಲೆ ಉರಿದು ಎಷ್ಟು ದಿನವಾಯಿತೋ! ಅವರ ಹಸುಗೂಸುಗಳಿಗೆ ಹಾಲಿಲ್ಲ! ಕುಡಿಯಲು ಶುದ್ಧ ನೀರಿಲ್ಲ! ಅವರ ಗೋಳು ಕೇಳುವವರಿಲ್ಲ!”

“ಯಾ ಅಲ್ಲಾ, ನಮ್ಮ ಮನ್ಯಾಗಿಂದು ಇವ್ರಿಗಿ ಯಾರ ಹೇಳ್ಯಾರ?” ಎಂದು ಜೈತುನಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಸುಗೂಸು ಅಂದಾಗ ಸಾಹೇಬರು ತನ್ನನ್ನೇ ನೋಡಿದರೆಂದು ಧರೆಪ್ಪನಿಗೆ ಅನ್ನಿಸಿತ್ತು.

ಕಣ್ಣೀರು ಕಂಡು ಸಾಹೇಬರ ದನಿ ಇನ್ನೂ ಏರಿತು. “ಈ ಜೋಳ ಪರದೇಶ ಮುಟ್ಟುವ ತನಕ ಒಂದು ಕಾಳೂ ಲಾರಿಯಿಂದ ಕೆಳಗಿಳಿಯಕೂಡದು! ಮುಟ್ಟಿದ ಮೇಲೆ ಒಂದು ಕಾಳೂ ಲಾರಿಯಲ್ಲಿ ಉಳಿಯಕೂಡದು! ಇದು ಸರ್ಕಾರದ ಆಜ್ಞೆ!”

ಚಪ್ಪಾಳೆಗೆ ಹಂದರದ ಗುಬ್ಬಿಗಳು ಎದ್ದು ಹಾರಿದವು.

“ಗೌಡರ ದೊಡ್ಡ ಮನಸ್ಸನ್ನು ಮರೆಯಬಾರದು. ನಮ್ಮ ಊರಿನಲ್ಲಿ ಹಸಿದವರು ಒಬ್ಬರೂ ಇಲ್ಲ, ಗಂಜಿಯ ಜೋಳ ನಮಗೆ ಬೇಡ, ಕಷ್ಟದಲ್ಲಿರುವ ಹೊರದೇಶಕ್ಕೆ ಕಳಿಸಿ ಎಂದು ಅವರೇ ಬರೆದು ಕೊಟ್ಟಿದ್ದಾರೆ. ಈ ಜೋಳ ಇನ್ನು ಹದಿನೈದು ದಿನದಲ್ಲಿ ಹಡಗು ಏರುತ್ತದೆ!”

ಚಪ್ಪಾಳೆ ನಿಂತಿತು. ಹಡಗು ಅಂದರೇನೆಂದು ಕೆಲವರಿಗೆ ತಿಳಿಯಲಿಲ್ಲ, ಹಸಿದವರು ಒಬ್ಬರೂ ಇಲ್ಲ ಅಂದದ್ದು ಎಲ್ಲರಿಗೂ ತಿಳಿಯಿತು.

ಗುಂಡವ್ವ ಮುಂದೆ ಬಂದು ಕೌದಿ ಹಾಸಿದಳು. “ಎಪ್ಪಾ ಸಾಹೇಬ, ಪರದೇಶಿಗಳಿಗೆ ಕೊಡ್ತೇವಿ ಅಂತ ಡಂಗುರ ಹೊಡಿಸೀರಿ. ಬಂದೇವಿ. ಹಾಕ್ರಿ.”

ತಲಾಟಿಯ ಮುಖ ಬಿಳಿಚಿತು. ಗೌಡನಿಗೆ ಆಗ ಹೊಳೆಯಿತು. ಎದ್ದವನೇ ಧರೆಪ್ಪನ ಕೆನ್ನೆಗೆ ಚಪ್ಪಲಿಯಿಂದ ಬಾರಿಸಿ, ಅವನ ಬಗಲಿನಿಂದ ಕೆಳಗೆ ಬಿದ್ದ ಹಲಗೆಯನ್ನು ಕಾಲಿನಿಂದ ಒದ್ದ. ಹಲಗೆ ಉರುಳಿ ಮೇಜಿನ ಕೆಳಗೆ ಬಿತ್ತು.

“ಹಲ್ಕಟ್ ಸೂಳಿಮಗನ, ಪರದೇಶಿ ಅಂದ್ರ ನಿಮ್ಮಪ್ಪನೇನಲೇ? ಹೊರಗಿನ ದೇಶದವ್ರಲೇ, ಹೊರಗಿನ ದೇಶದವ್ರು!”

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. “ಅಜ್ಜಿ, ನೀವು ಪರದೇಶಿಗಳಲ್ಲ. ನೀವು ಈ ದೇಶದವರು. ಇದು ನಿಮ್ಮದೇ ದೇಶ.”

“ಹೌದ್ರಿ? ನಮ್ದ?”

“ನಿಮ್ಮದೇ.”

“ಹಂಗಾರ ಅಲ್ಲಿ ಕಾಣ್ತೈತಲ್ರಿ ಬಾವಿ, ಒಂದು ಕೊಡ ನೀರು ಸೇದಿಕೊಂಡು ಬರ್ಲಿ? ನಾವು ಹಳ್ಳದ ಉಸುಕಿನ್ಯಾಗ ವರ್ತಿ ತೋಡಿ ಕುಡಿಯಾಕತ್ತೇವ್ರಿ.”

ಸಾಹೇಬರು ಬಾವಿ ನೋಡಿದರು, ಗೌಡನ ಮುಖ ನೋಡಿದರು, ಕೊನೆಗೆ ಕೈಗಡಿಯಾರ ನೋಡಿದರು.

“ಅದು... ಅದು ಸ್ಥಳೀಯ ವಿಚಾರ” ಅಂದರು.

“ಆ ಪರದೇಶದವ್ರು ಹಸದಾರಂದ್ರ ಪಾಪ, ಕೊಡ್ರಿ. ಹಸದವ್ರ ಹೊಟ್ಟಿ ಎಲ್ಲಿದ್ರೂ ಹೊಟ್ಟೀನ. ಗೌಡ್ರ ಹಗೇವಿನ್ಯಾಗ ಮೂರು ವರ್ಷದ ಜೋಳ ಹೂತೈತಿ, ಅದನ್ನ ಕಳಸ್ರಿ. ನಮ್ಮ ಗಂಜಿ ಯಾಕ್ರಿ?”

“ಎಳಕೊಂಡು ಹೋಗ್ರಲೇ ಈ ಮುದುಕೀನ!” ಗೌಡ ಕಿರುಚಿದ. ಎಳೆಯಬೇಕಾದವರು ಯಾರು? ಮುಟ್ಟಿದರೆ ಮೈಲಿಗೆ. ಹಾಗಾಗಿ ಗುಂಡವ್ವ ತಾನೇ ಕೌದಿ ಝಾಡಿಸಿಕೊಂಡು, ಯಾರ ಕೈಯೂ ತಾಗದಂತೆ, ರಾಜಠೀವಿಯಿಂದ ಹಿಂದಕ್ಕೆ ಬಂದಳು.

ಫೋಟೊ ತೆಗೆದರು. ಗೌಡನ ಮನೆಯಲ್ಲಿ ಸಾಹೇಬರಿಗೆಂದು ಹೋಳಿಗೆ ಮಾಡಿದ್ದರು. ಬಿಸಿಲಿಗೆ ಎಮ್ಮೆ ಉಬ್ಬಿ, ಹಿತ್ತಿಲಿನಿಂದ ಬೀಸಿದ ಗಾಳಿ ಪಡಸಾಲೆಗೆ ಬಂದಿತ್ತು. ಸಾಹೇಬರು ಎಲೆಯ ಮುಂದೆ ಕೂತವರು ಕರ್ಚೀಪು ಮೂಗಿಗಿಟ್ಟುಕೊಂಡು ಎದ್ದು, ಜೀಪು ಹತ್ತಿ ವಿಜಾಪುರದ ದಾರಿ ಹಿಡಿದರು. ಗೌಡ ಹುಚ್ಚನಂತಾದ.

“ಲಾರಿ ತುಂಬ್ರಲೇ ಮೊದಲ! ತುಂಬಿ, ಆ ಎಮ್ಮಿ ಎಳೀರಿ!”

ಜೋಳವನ್ನು ಮುಟ್ಟಿದರೆ ಮೈಲಿಗೆಯಾಗುವುದಿಲ್ಲ, ಹೊರುವ ಜೋಳಕ್ಕೆ ಆ ರಿಯಾಯಿತಿ ಇದೆ. ಕೇರಿಯ ಗಂಡಸರು ತಮ್ಮ ಗಂಜಿಯನ್ನು ತಮ್ಮ ಬೆನ್ನ ಮೇಲೆ ಹೊತ್ತು ಲಾರಿಗೆ ಏರಿಸಿದರು. ಧರೆಪ್ಪನ ಕೆನ್ನೆ ಉರಿಯುತ್ತಿತ್ತು. ಪ್ರತಿ ಚೀಲಕ್ಕೂ ಸಾಹೇಬರ ಮಾತು ಅವನ ತಲೆಯಲ್ಲಿ ತಿರುಗುತ್ತಿತ್ತು. ಪರದೇಶ ಮುಟ್ಟಿದ ಮೇಲೆ ಒಂದು ಕಾಳೂ ಲಾರಿಯಲ್ಲಿ ಉಳಿಯಕೂಡದು. ಕೊನೆಯ ಚೀಲ ಏರಿಸುವ ಹೊತ್ತಿಗೆ ಅವನು ಗುಂಡವ್ವನ ಕಿವಿಯಲ್ಲಿ ಏನೋ ಹೇಳಿದ. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆಮೇಲೆ ಹೆಂಗಸರನ್ನು ಕರೆದುಕೊಂಡು ಸರಸರ ಕೇರಿಯ ಕಡೆ ನಡೆದಳು. ಧರೆಪ್ಪ ಮೇಜಿನ ಕೆಳಗಿನಿಂದ ಹಲಗೆ ಎತ್ತಿಕೊಂಡ.

ಸಿಂದಗಿಯ ಸರಕಾರಿ ಗೋದಾಮಿಗೆ ಹೋಗಲು ಲಾರಿಗೆ ಇದ್ದದ್ದು ಒಂದೇ ದಾರಿ. ಅದು ಹೊಲಗೇರಿಯ ನಡುವೆ ಹಾಯ್ದು ಹಳ್ಳಕ್ಕೆ ಇಳಿಯುತ್ತಿತ್ತು. ಲಾರಿ ಕೇರಿಯ ಬಾಯಿ ದಾಟಿದ್ದೇ ತಡ, ಹಿಂದೆ ಹೆಂಗಸರು ಬುಟ್ಟಿ ಬುಟ್ಟಿ ಖಡಿ ಸುರುವಿದರು. ಅವರೇ ಒಡೆದ ಖಡಿ. ದಾರಿಗೆ ಅಡ್ಡಲಾಗಿ ಮೊಣಕಾಲೆತ್ತರದ ಒಡ್ಡು ಬಿತ್ತು. ಮುಂದೆ ಜೈತುನಬಿ ಮತ್ತು ಇಪ್ಪತ್ತು ಮಂದಿ ಕೌದಿ ಹಾಸಿಕೊಂಡು ಕೂತಿದ್ದರು. ಡ್ರೈವರ್ ಲಾರಿ ನಿಲ್ಲಿಸಿದ. ಪಕ್ಕದಲ್ಲಿದ್ದ ತಲಾಟಿ ತಲೆ ಹೊರಹಾಕಿದ.

ಧರೆಪ್ಪ ಹಲಗೆ ಬಾರಿಸಿದ. “ಕೇಳ್ರೆಪೋ ಕೇಳ್ರಿ! ಪರದೇಶ ಬಂತು! ಪರದೇಶ ಮುಟ್ಟಿದ ಮ್ಯಾಲ ಒಂದು ಕಾಳೂ ಲಾರ್‍ಯಾಗ ಉಳಿಬಾರದಂತ ಸರಕಾರದ ಹುಕುಂ ಆಗೇತ್ರೆಪೋ!”

“ಲೇ ಧರ್ಯಾ, ತಲಿ ಕೆಟ್ಟೈತೇನಲೇ? ಇದು ಹೊಲಗೇರಿ!”

“ಊರ ಬಾವಿ ನಿಮ್ದಲ್ಲ ಅಂತೀರಿ. ಗುಡಿ ನಿಮ್ದಲ್ಲ ಅಂತೀರಿ. ಊರಾಗ ಹಸದವ್ರು ಯಾರೂ ಇಲ್ಲ ಅಂತ ನೀವ ಬರದು ಕೊಟ್ಟೀರಿ. ಇಲ್ಲಿ ಇನ್ನೂರು ಮಂದಿ ಹಸದೇವಿ. ಅಂದ್ರ ಇದು ನಿಮ್ಮೂರಲ್ಲ. ಮತ್ತ ಯಾವ ದೇಶ ಹೇಳ್ರಿ ತಲಾಟ್ಯಾರ?”

ತಲಾಟಿ ಲಾರಿಯಿಂದ ಹಾರಿ, ಒಡ್ಡು ದಾಟಿ ಊರ ಕಡೆ ಓಡಿದ. ಡ್ರೈವರ್ ಬೀಡಿ ಹಚ್ಚಿಕೊಂಡ. “ನಂದೇನೈತಿ? ಪರದೇಶಕ್ಕ ಮುಟ್ಟಸು ಅಂದ್ರು, ಮುಟ್ಟಿಸೇನಿ” ಎಂದು ಲಾರಿಯ ಹಿಂಬಾಗಿಲು ತೆಗೆದುಬಿಟ್ಟ.

ಚೀಲಗಳು ಇಳಿದವು. ಹತ್ತು ನಿಮಿಷದಲ್ಲಿ ಗೌಡ ಬಡಿಗೆ ಹಿಡಿದ ಎಂಟು ಜನರೊಂದಿಗೆ ಬಂದ. ಒಡ್ಡಿನ ತನಕ ಬಂದ ಕಾಲು ಅಲ್ಲೇ ನಿಂತಿತು. ಖಡಿಯ ಒಡ್ಡನ್ನು ಕೂಸೂ ದಾಟಬಹುದಿತ್ತು. ಆದರೆ ಏಳು ತಲೆಮಾರಿನಿಂದ ಆ ಮನೆತನದ ಯಾರೂ ಹೊಲಗೇರಿಯಲ್ಲಿ ಕಾಲಿಟ್ಟವರಲ್ಲ. ಬಡಿಗೆ ಹಿಡಿದವರೂ ಗೌಡನ ಮುಖ ನೋಡಿದರು. ಗೌಡ ಆಚೆಯಿಂದಲೇ ಒದರಿದ.

“ಭಾಡ್ಯಾ, ಹೊರಗ ಬಾರಲೇ!”

“ಒಳಗ ಬರ್ರಿ ಗೌಡ್ರ” ಅಂದ ಧರೆಪ್ಪ. “ಪರದೇಶಕ್ಕ ಬರಾಕ ಪರವಾನಗಿ ಬೇಕಾಗ್ತದಂತ. ತಂದೀರೇನ್ರಿ?”

“ಪೊಲೀಸ್ರಿಗಿ ಹೇಳಿ ಕಳಸೇನಿ ಮಗನ! ಸಂಜೀತನ ಜೀವ ಹಿಡಕೊಂಡಿರು!”

ಬರುತ್ತಾರೆ, ಅದು ಧರೆಪ್ಪನಿಗೂ ಗೊತ್ತಿತ್ತು. ಪೊಲೀಸರಿಗೆ ಯಾವ ದೇಶವೂ ಪರದೇಶವಲ್ಲ. ಅವನ ಗುಡಿಸಲಿನಲ್ಲಿ ಗುಂಡವ್ವ ಆಗಲೇ ಬೀಸುವ ಕಲ್ಲಿಗೆ ಕೂತಿದ್ದಳು. ಎಷ್ಟೋ ದಿನದಿಂದ ಸುಮ್ಮನಿದ್ದ ಕಲ್ಲು ಗರ್ ಎಂದು ತಿರುಗಿತು. ಒಂದೊಂದಾಗಿ ಕೇರಿಯ ಕಲ್ಲುಗಳೆಲ್ಲ ತಿರುಗತೊಡಗಿದವು. ಸಂಜೆಗೆ ಮುಂಚೆ ಎಷ್ಟು ಹಿಟ್ಟಾದರೆ ಅಷ್ಟು, ಎಷ್ಟು ಹೊಟ್ಟೆಗೆ ಇಳಿದರೆ ಅಷ್ಟು.

ಗಾಳಿ ಊರ ಕಡೆಯಿಂದ ಬೀಸಿತು. ಗೌಡ ತಲೆಗೆ ಸುತ್ತಿದ ಪಟಗದ ತುದಿಯನ್ನು ಮೂಗಿಗಿಟ್ಟುಕೊಂಡ. ಬೆದರಿಕೆ ಹಾಕಿದ ಬಾಯಿಯಲ್ಲೇ ಅವನ ದನಿ ಒಮ್ಮೆಲೆ ಇಳಿಯಿತು.

“ಧರೆಪ್ಪಾ... ಆ ಎಮ್ಮೀನರ ಎಳದು ಹೋಗೋ. ಮನ್ಯಾಗ ಇರಾಕ ಆಗವಲ್ದು.”

ಧರೆಪ್ಪ ಎಂದು ಗೌಡ ಕರೆದದ್ದು ಅದೇ ಮೊದಲು. ಧರೆಪ್ಪ ಹೆಗಲ ಮೇಲಿನ ಹಗ್ಗ ತೆಗೆದು ಒಡ್ಡಿನಾಚೆ, ಗೌಡನ ಕಾಲ ಬಳಿ ಎಸೆದ.

“ಎಮ್ಮಿ ನಿಮ್ಮ ದೇಶದ್ದೈತ್ರಿ” ಅಂದ. “ಅದು ಸ್ಥಳೀಯ ಇಚಾರ.”