ನೂರ್ಜಹಾನ್ ನೋಡದ್ದು

ಪಾತ್ರೆಯ ತಳ ಇನ್ನೂ ಅರ್ಧ ಕಪ್ಪಾಗಿಯೇ ಇತ್ತು. ತೊರೆಯ ಅಂಚಿನ ಮರಳನ್ನು ಇನ್ನೊಂದು ಹಿಡಿ ಹಾಕಿಕೊಂಡು ಉಜ್ಜುತ್ತಿದ್ದೆ. ನೀರು ಎಷ್ಟು ತಣ್ಣಗಿತ್ತೆಂದರೆ ಬೆರಳುಗಳು ನನ್ನವೋ ಬೇರೆ ಯಾರವೋ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಮೇಲಿನ ಡೇರೆಗಳ ಕಡೆಯಿಂದ, ನಮ್ಮನ್ನು ಚಾರಣಕ್ಕೆ ಕರೆತಂದ ಸುಹಾಸನ ಕೂಗು ಬಂತು.

"ದುರ್ಗಮ್ಮಾ! ಎಂತ ಮಾಡ್ತಾ ಇದ್ರಿ ಅಲ್ಲಿ?"

"ಕಾಣೂದಿಲ್ಲನೋ ತಮ್ಮಾ? ಪಾತ್ರೆ ತಿಕ್ತಾ ಇದೀನಿ."

"ಇವತ್ತು ರೆಸ್ಟು ಹೇಳಿದ್ನಲ್ರೋ ಮಾರಾಯ್ರೆ!"

"ರೆಸ್ಟಲ್ಲೇ ಇದೀನಿ. ಕೂತ್ಕಂಡೇ ತಿಕ್ತಾ ಇದೀನಲ್ಲ."

ನಾನಿದ್ದದ್ದು ಹಿಮಾಚಲದ ಒಂದು ಬೆಟ್ಟದ ಮಗ್ಗುಲಲ್ಲಿ, ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ. ಹಿಂದಿನ ದಿನ ಮಧ್ಯಾಹ್ನ ಅಲ್ಲಿಗೆ ಮುಟ್ಟಿದ್ದೆವು. ಗಾಳಿ ತೆಳುವಾಗಿದೆ, ಮೈ ಅದಕ್ಕೆ ಹೊಂದಿಕೊಳ್ಳಬೇಕು, ಆದ್ದರಿಂದ ಒಂದು ದಿನ ಯಾರೂ ಎಲ್ಲಿಗೂ ಹೋಗಬಾರದು, ಏನೂ ಮಾಡಬಾರದು, ನಾಲ್ಕು ಲೀಟರ್ ನೀರು ಕುಡಿದು ಸುಮ್ಮನಿರಬೇಕು ಎಂದು ಸುಹಾಸ ಹೇಳಿದ್ದ. ನನಗೆ ಅರವತ್ತನಾಲ್ಕು ವರ್ಷ. ಅಷ್ಟು ವರ್ಷದಲ್ಲಿ ಒಂದು ಇಡೀ ದಿನ ಸುಮ್ಮನೆ ಕೂತದ್ದು ನೆನಪಿಲ್ಲ. ಮಸಿ ಹಿಡಿದ ಪಾತ್ರೆಯೊಂದು ಕಣ್ಣೆದುರಿಗೇ ಬಿದ್ದಿರುವಾಗ ಹೇಗೆ ಕೂರುವುದು?

ತಿಕ್ಕಿ ಮುಗಿಸಿ, ಹೊಳೆಯುವ ತಳವನ್ನು ಅವನಿಗೆ ತೋರಿಸೋಣವೆಂದು ಎದ್ದು ನಿಂತೆ. ಎದುರಿನ ಬೆಟ್ಟ ಒಂದು ಸುತ್ತು ತಿರುಗಿತು. ಹಾಗೇ ಕೂತುಬಿಟ್ಟೆ.

ಸುಹಾಸ ಓಡಿಬಂದು ನನ್ನ ಬೆರಳನ್ನು ಉಜ್ಜಿ ಬಿಸಿ ಮಾಡಿ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಕಚ್ಚಿಸಿದ. ಎಪ್ಪತ್ನಾಲ್ಕು.

"ತಲೆನೋವು ಇದ್ದಾ?"

"ಒಂಚೂರು."

"ಯಾವಾಗಿಂದ?"

"ನಿನ್ನೆ ಸಂಜೆಯಿಂದ."

ಅವನ ಮುಖದ ಮೇಲಿನ ನಗು ಹೋಯಿತು. "ನೋಡಿ ದುರ್ಗಮ್ಮ, ಇವತ್ತು ಪೂರಾ ಕಾಯ್ತೆ. ನಡುವೆ ಜಾಸ್ತಿ ಆದ್ರೆ ಆ ಕ್ಷಣವೇ ಕೆಳಗೆ. ನಾಳೆ ಬೆಳಿಗ್ಗೆಗೆ ಇದು ಎಂಬತ್ತು ದಾಟಬೇಕು, ತಲೆನೋವು ಹೋಗಬೇಕು. ಇಲ್ದಿದ್ರೆ ಕುದುರೆಯವನ ಜೊತೆ ನೀವೂ ನಿಮ್ಮ ಸೊಸೆ ರೋಹಿಣಿ ಮೇಡಮ್ಮೂ ಕೆಳಗೆ. ಮೇಲೆ ಹೋಗೋ ಮಾತೇ ಇಲ್ಲ."

ಮೇಲೆ ಹೋಗದಿದ್ದರೆ ಮೂವತ್ತು ವರ್ಷದಿಂದ ಬಾಕಿ ಇರುವ ಪತ್ರವನ್ನು ಬರೆಯುವ ಹಾಗಿಲ್ಲ. ಅದನ್ನು ಅವನಿಗೆ ಹೇಗೆ ಹೇಳುವುದು?

ಆ ಪತ್ರ ನೂರ್ಜಹಾನಳಿಗೆ. ನಮ್ಮೂರು ಇಸಳೂರಿನ ಶಾಲೆಯ ಜಗುಲಿಯಲ್ಲಿ ರಾತ್ರಿ ತರಗತಿ ನಡೆಯುತ್ತಿದ್ದಾಗ ನಾವಿಬ್ಬರೂ ಒಂದೇ ಸ್ಲೇಟಿನ ಆಚೆ ಈಚೆ ಕೂತು ಕಲಿತವರು. ಅವಳ ಗಂಡ ಲಾರಿ ಓಡಿಸುತ್ತಿದ್ದ. ಆಮೇಲೆ ಅಣ್ಣನ ಟ್ರಾನ್ಸ್‌ಪೋರ್ಟಿಗೆ ಸೇರಿಕೊಂಡು ಸಂಸಾರವನ್ನು ಯಲ್ಲಾಪುರಕ್ಕೆ ಒಯ್ದ. ತಿಂಗಳೊಳಗೆ ನೂರ್ಜಹಾನಳ ಕಾರ್ಡು ಬಂತು. ನನ್ನ ಹೆಸರಿಗೆ ಬಂದ ಮೊದಲನೆಯ ಟಪಾಲು ಅದು. ಈಗಲೂ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದೇನೆ.

"ದುರ್ಗಮ್ಮನಿಗೆ ನೂರ್ಜಹಾನ್ ಬರೆಯುವುದು. ಮೇಷ್ಟ್ರು ಹೇಳಿಕೊಟ್ಟ ಹಾಗೆ ಎಲ್ಲರೂ ಕ್ಷೇಮ ಅಂತ ಬರೆಯಬೇಡ. ಅದನ್ನು ಎಲ್ಲರೂ ಬರೆಯುತ್ತಾರೆ. ನಾನು ನೋಡದ್ದು ಏನಾದರೂ ನೋಡಿದರೆ ಬರಿ. ಇಲ್ಲದಿದ್ದರೆ ಬರೆಯಬೇಡ."

ಇದೊಳ್ಳೆ ಫಜೀತಿಯಾಯಿತು. ಅವಳು ಗಂಡನ ಲಾರಿಯಲ್ಲಿ ಕೂತು ಗೋವಾ ಕಂಡವಳು, ಮುಂಬೈ ಕಂಡವಳು. ನಾನು ಜೋಗಕ್ಕೆ ಹೋಗಿ ಬಂದೆ. ಅವಳು ಎರಡು ಸಲ ನೋಡಿದ್ದಳು. ಯಾಣ, ಕಾರವಾರದ ಸಮುದ್ರ, ಹುಬ್ಬಳ್ಳಿಯ ರೈಲು, ಎಲ್ಲವನ್ನೂ ಆಕೆ ನನಗಿಂತ ಮೊದಲೇ ನೋಡಿ ಮುಗಿಸಿದ್ದಳು. ಮನೆಮನೆಗೆ ಫೋನು ಬಂದ ಮೇಲೆ ತಿಂಗಳಿಗೊಮ್ಮೆ ಮಾತಾಡುತ್ತೇವೆ. ಮಾತು ಮುಗಿಸುವ ಮೊದಲು ಅವಳದು ಒಂದೇ ಪ್ರಶ್ನೆ.

"ಅರೆ ದುರ್ಗಾ, ನಂದು ಜವಾಬು ಎಲ್ಲಿ?"

"ಹುಡುಕ್ತಾ ಇದೀನೇ."

"ಹುಡುಕು ಹುಡುಕು. ಪೋಸ್ಟ್‌ಮನ್ ಮೂರು ಜನ ರಿಟೈರ್ ಆದ್ರು."

ನನ್ನ ಸೊಸೆ ರೋಹಿಣಿ ಶಿರಸಿಯ ಹೈಸ್ಕೂಲಿನಲ್ಲಿ ಆಟದ ಟೀಚರು, ಹಾನಗಲ್ ಕಡೆಯವಳು. ಸಿದ್ದಾಪುರದ ಸುಹಾಸ ಪರ್ವತಾರೋಹಣ ಕಲಿತು ಬಂದು ವರ್ಷಕ್ಕೊಮ್ಮೆ ನಮ್ಮ ಕಡೆಯವರನ್ನು ಹಿಮಾಲಯಕ್ಕೆ ಕರೆದೊಯ್ಯುತ್ತಾನೆ. ಈ ಮೇ ತಿಂಗಳಲ್ಲಿ ರೋಹಿಣಿಯ ಜೊತೆ ಹೊರಡಬೇಕಿದ್ದ ಗೆಳತಿ ಎರಡು ತಿಂಗಳು ಮೊದಲೇ ಬೈಕಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. "ಅತ್ತೀ, ನೀವ ಬರ್ರಿ ಹಂಗಾರ" ಎಂದಳು ಸೊಸೆ, ಚೇಷ್ಟೆಗೆ.

"ಅಲ್ಲಿ ಎಂತ ಇದೆ?"

"ಹಿಮ ಅದ."

ನೂರ್ಜಹಾನ್ ಹಿಮ ನೋಡಿಲ್ಲ! ಕೈಯಲ್ಲಿದ್ದ ಮೊರ ಅಲ್ಲೇ ಇಟ್ಟು, "ಬರ್ತೀನಿ" ಎಂದುಬಿಟ್ಟೆ. ಎರಡು ತಿಂಗಳು ಬೆನ್ನಿಗೆ ಚೀಲ ಹಾಕಿಕೊಂಡು ಊರ ಹಿಂದಿನ ಏರು ಹತ್ತಿ ಇಳಿದೆ. ಡಾಕ್ಟರು ಎಷ್ಟು ಓಡಿದರೂ ಎಲ್ಲಿಗೂ ಹೋಗದ ಪಟ್ಟಿಯ ಮೇಲೆ ಓಡಿಸಿ, ಅಡ್ಡಿಯಿಲ್ಲವೆಂದು ಬರೆದುಕೊಟ್ಟರು. ಶಿರಸಿಯ ಅಂಚೆ ಕಚೇರಿಯಿಂದ ಒಂದು ಇನ್‌ಲ್ಯಾಂಡ್ ಪತ್ರ ತಂದು, ಆ ಹಳೆಯ ಕಾರ್ಡಿನ ಜೊತೆ ಚೀಲದ ತಳಕ್ಕೆ ಸೇರಿಸಿದೆ. ನೂರ್ಜಹಾನಳಿಗೆ ಮಾತ್ರ ಒಂದು ಸುಳಿವೂ ಕೊಡಲಿಲ್ಲ.

ಕ್ಯಾಂಪಿನಿಂದ ನೋಡಿದರೆ ದೂರದ ಶಿಖರಗಳ ಮೇಲೆ ಬೆಳ್ಳಗೆ ಕಾಣುತ್ತಿತ್ತು. ಆದರೆ ದೂರದಿಂದ ಕಂಡದ್ದು ಲೆಕ್ಕಕ್ಕಿಲ್ಲ. ಅಷ್ಟನ್ನು ಅವಳು ಟೀವಿಯಲ್ಲಿ ನೋಡಿದ್ದಾಳೆ. ಹದಿನಾಲ್ಕು ಸಾವಿರ ಅಡಿಯ ಘಟ್ಟದ ತಲೆಯ ಮೇಲೆ ಕಾಲಡಿಗೆ ಸಿಗುವ ಹಿಮವಿದೆ ಎಂದು ಸುಹಾಸ ಹೇಳಿದ್ದ. ನನಗೆ ಬೇಕಾದದ್ದು ಅದು.

ಡೇರೆಯಲ್ಲಿ ನನ್ನನ್ನು ದಿಂಬಿಗೆ ಒರಗಿಸಿ ಕೂರಿಸಿದ ರೋಹಿಣಿ ನನ್ನ ಎರಡು ಬಾಟಲಿಗಳನ್ನು ಎತ್ತಿ ನೋಡಿದಳು. ಎರಡೂ ಖಾಲಿ. ಆಮೇಲೆ ಡೇರೆಯ ಬಾಗಿಲಲ್ಲಿ ಹಸಿಯಾಗಿದ್ದ ಹುಲ್ಲನ್ನು ನೋಡಿದಳು. ಆಟದ ಟೀಚರಿಗೆ ಮಕ್ಕಳ ಕಳ್ಳಾಟ ಹಿಡಿದು ಅಭ್ಯಾಸ.

"ಅತ್ತೀ, ಖರೆ ಹೇಳ್ರಿ. ಬಾಟ್ಲಿ ನೀರು ಎಲ್ಲಿಗೆ ಹೋತು?"

"ಕುಡದೆ."

"ನೀವು ಕುಡದ್ರೋ, ಹುಲ್ಲು ಕುಡೀತೋ?"

ನಾನು ಶಾಲು ಸರಿಮಾಡಿಕೊಂಡೆ.

"ದಿಲ್ಲಿಯಿಂದ ಇಲ್ಲೀತನಕ ಎಷ್ಟು ಕುಡದೀರಿ?"

"ದಿಲ್ಲೀಲಿ ಒಂದು ಚಾ ಕುಡದಿದ್ದೆ."

ರೋಹಿಣಿ ಹಣೆ ಚಚ್ಚಿಕೊಂಡಳು.

ಹೇಳಲೇಬೇಕಾಯಿತು. ಎಕ್ಕಂಬಿಯಿಂದ ಇಸಳೂರಿಗೆ ಮದುವೆಯಾಗಿ ಬಂದ ವಾರದಲ್ಲೇ ನನ್ನ ಅತ್ತೆ ಪಾರ್ವತವ್ವ ಎರಡು ಪಾಠ ಹೇಳಿಕೊಟ್ಟಿದ್ದಳು. ಮನೆಯಿಂದ ಹೊರಬಿದ್ದ ಹೆಂಗಸು ನೀರು ಕುಡಿಯಬಾರದು, ಇದು ಒಂದು. ನಾಟಿ ಗದ್ದೆಯಲ್ಲಿ ಗಂಡಸರ ಸಾಲು ಪಕ್ಕದಲ್ಲೇ ಇರುತ್ತದೆ, ಬಸ್ಸು ಬೇಕೆಂದಲ್ಲಿ ನಿಲ್ಲುವುದಿಲ್ಲ, ಮದುವೆ ಮನೆಯಲ್ಲಿ ಯಾರನ್ನು ಕೇಳುವುದು? ಬೆಳಿಗ್ಗೆ ಒಂದು ಲೋಟ ಕುಡಿದರೆ ಸಂಜೆ ಮನೆಗೆ ಬಂದ ಮೇಲೆಯೇ ಇನ್ನೊಂದು. ನಲವತ್ತೈದು ವರ್ಷ ಹಾಗೇ ನಡೆಯಿತು. ಈ ಕ್ಯಾಂಪಿನಲ್ಲಿ ಕಕ್ಕಸಿನ ಡೇರೆಯೇನೋ ಇತ್ತು, ಆದರೆ ಅಡುಗೆ ಡೇರೆಯ ಎದುರಿಗೇ ಇತ್ತು. ಗಂಡಸರೆಲ್ಲ ಅಲ್ಲಿಯೇ ಚಹಾ ಹಿಡಿದು ಕೂರುತ್ತಿದ್ದರು. ಅವರ ಕಣ್ಣ ಮುಂದೆ ಹತ್ತು ಸಲ ಹೋಗಿ ಬರುವುದಕ್ಕಿಂತ ನೀರು ಚೆಲ್ಲುವುದೇ ಸುಲಭವೆನಿಸಿತು.

ರೋಹಿಣಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಸೀದಾ ಸುಹಾಸನ ಹತ್ತಿರ ಹೋದಳು. ಐದು ನಿಮಿಷದಲ್ಲಿ ಸುಹಾಸ ಒಬ್ಬನೇ ಬಂದು ಕಕ್ಕಸಿನ ಡೇರೆಯ ಗೂಟ ಕಿತ್ತು, ಇಡೀ ಡೇರೆಯನ್ನು ತಲೆಯ ಮೇಲೆ ಹೊತ್ತುಕೊಂಡು ದೊಡ್ಡ ಬಂಡೆಯ ಹಿಂದಕ್ಕೆ ಒಯ್ದು ನೆಟ್ಟ.

ತಿರುಗಿ ಬರುವಾಗ ನನ್ನ ಡೇರೆಯ ಮುಂದೆ ನಿಂತು ಹೇಳಿದ: "ನಮ್ಮನೆ ಆಯಿನೂ ಬೆಂಗಳೂರು ಬಸ್ಸಲ್ಲಿ ನೀರು ಮುಟ್ಟೂದಿಲ್ಲ. ನಂಗೆ ಮೊದಲೇ ತಲೆಗೆ ಹೋಗಬೇಕಿತ್ತು. ಈಗ ಕುಡೀರಿ. ಒಂದೇ ಸಲ ಅಲ್ಲ, ಗಂಟೆಗಂಟೆಗೆ. ಮತ್ತೆ ಆ ಪಾತ್ರೆ ಕಡೆ ನೋಡಿದ್ರೆ ಪಾತ್ರೆನೇ ಹೊಳೆಗೆ ಹಾಕ್ತೆ."

ಆ ದಿನ ನಾನು ಕೆಲಸ ಮಾಡದೆ ಇರುವ ಕೆಲಸ ಮಾಡಿದೆ. ಬಿಸಿನೀರು, ಬೆಳ್ಳುಳ್ಳಿ ಸಾರು, ಮತ್ತೆ ಬಿಸಿನೀರು. ರೋಹಿಣಿ ಗಡಿಯಾರ ಹಿಡಿದು ಕೂತಿದ್ದಳು. ಕೈ ತುರಿಸುತ್ತಿತ್ತು. ಕೊನೆಗೆ ನನ್ನ ಶಾಲಿನ ಅಂಚಿನ ದಾರಗಳನ್ನು ಗಂಟು ಹಾಕಲು ಬಿಟ್ಟಳು. ಕೂತು ಮಾಡುವುದು, ಉಸಿರು ಖರ್ಚಾಗುವುದಿಲ್ಲ ಎಂದು. ಸಂಜೆಗೆ ಎಪ್ಪತ್ತೆಂಟು. ತಲೆನೋವು ಹಣೆಯಿಂದ ಹಿಂದಕ್ಕೆ ಸರಿದಿತ್ತು.

ಬೆಳಿಗ್ಗೆ ಬೆರಳು ಚಾಚಿ ಕಣ್ಣು ಮುಚ್ಚಿಕೊಂಡೆ.

"ಎಂಬತ್ನಾಲ್ಕು!" ಎಂದು ಕೂಗಿದ್ದು ಸುಹಾಸನಲ್ಲ, ರೋಹಿಣಿ. ನನ್ನ ತಲೆ, ತೊಳೆದಿಟ್ಟ ಪಾತ್ರೆಯ ಹಾಗೆ, ಹಗುರಾಗಿತ್ತು.

"ನಿಲ್ಲಿ, ಇನ್ನೂ ಮುಗೀಲಿಲ್ಲ" ಎಂದ ಸುಹಾಸ. "ಆ ಬಾವುಟ ಕಾಣ್ತಲ್ಲ, ಎಂಟುನೂರು ಅಡಿ ಮೇಲೆ? ಅಲ್ಲೀತನಕ ಹತ್ತಿ, ಇಳಿದು, ಇಲ್ಲೇ ಮಲಗೂದು. ಎತ್ತರ ಹತ್ತಿ ಕೆಳಗೆ ಮಲಗಿದ್ರೆ ಮೈ ಬೇಗ ಹೊಂದ್ಕಳ್ತು. ಇಳಿದ ಮೇಲೂ ಹಿಂಗೇ ಇದ್ರೆ ನಾಳೆ ನೀವು ನಮ್ಮ ಜೊತೆ."

ಇಲ್ಲಿ ಪಾರ್ವತವ್ವನ ಎರಡನೆಯ ಪಾಠ ಕೆಲಸಕ್ಕೆ ಬಂತು. ಕಾಡಿನಿಂದ ತರಗೆಲೆಯ ಹೊರೆ ಹೊತ್ತು ಏರು ಹತ್ತುವ ದಾರಿಯಲ್ಲಿ ತಲೆಯೆತ್ತರದ ಹೊರೆಗಲ್ಲುಗಳಿದ್ದವು. ಹೊರೆಯನ್ನು ಯಾರ ನೆರವೂ ಇಲ್ಲದೆ ಅದರ ಮೇಲೆ ಜಾರಿಸಿ ನಿಲ್ಲಬಹುದು. ಕೂತರೆ ಕಾಲು ಹಿಡಿದುಕೊಳ್ಳುತ್ತದೆ, ನಿಂತೇ ಇರು; ಬಾಯಲ್ಲಿ ಆಡುವ ಉಸಿರು ಮೂಗಿಗೆ ಬರುವ ತನಕ ಮುಂದಿನ ಹೆಜ್ಜೆ ಇಡಬೇಡ ಎನ್ನುತ್ತಿದ್ದಳು. ಬಾಯಿಂದ ಉಸಿರಾಡುವಷ್ಟು ಜೋರು ಎಲ್ಲಿಯೂ ಬೇಡ.

ತಲೆಯ ಮೇಲೆ ಹೊರೆ ಇರಲಿಲ್ಲ, ಆದರೆ ಇದೆ ಎಂದುಕೊಂಡು ನಡೆದೆ. ಒಂದು ಹೆಜ್ಜೆ, ಒಂದು ಉಸಿರು. ಶಿರಸಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ತುಷಾರ ದಾಪುಗಾಲು ಹಾಕುತ್ತ ನನ್ನನ್ನು ದಾಟಿದ.

"ಅಜ್ಜೀ, ಹಿಂಗೆ ಹೋದ್ರೆ ಮುಂದಿನ ಮೇ ತಿಂಗ್ಳಿಗೆ ಮುಟ್ತೀರಿ!"

ಎರಡು ತಿರುವಿನ ಮೇಲೆ ಅವನು ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ನಾನು ದಾಟಿದೆ. ಮತ್ತೆ ಅವನು ದಾಟಿದ, ಮತ್ತೆ ಕೂತ. ಮೂರನೆಯ ಸಲ ಅವನ ಪಕ್ಕದಲ್ಲಿ ಹಾಯುವಾಗ ಕೇಳಿದೆ: "ಎಂತ ತುಷಾರ, ಮೇ ತಿಂಗಳು ಬಂತನೋ?" ಮಾತಾಡಲು ಅವನ ಹತ್ತಿರ ಉಸಿರಿರಲಿಲ್ಲ, ಕೈ ಮುಗಿದ. ಬಾವುಟ ಮುಟ್ಟಿದವರಲ್ಲಿ ನಾನು ಮೊದಲನೆಯವಳು!

ಇಳಿದು ಬಂದ ಮೇಲೆ ಎಂಬತ್ಮೂರು. ತಲೆನೋವು ಇಲ್ಲ. ಸುಹಾಸ ಎಲ್ಲರನ್ನೂ ಕರೆದು ಹೇಳಿದ: "ನಾಳೆಯಿಂದ ದುರ್ಗಮ್ಮ ಮುಂದೆ. ಅವ್ರನ್ನ ಯಾರೂ ದಾಟೂ ಹಾಂಗಿಲ್ಲ."

ಹೀಗೆ ಮರುದಿನ ಹದಿಮೂರು ಸಾವಿರದ ಕ್ಯಾಂಪಿಗೆ, ಅದರ ಮರುದಿನ ಬೆಳಕು ಹರಿಯುವಾಗ ಘಟ್ಟಕ್ಕೆ, ಎಂಟು ಜನರನ್ನು ಹಿಂದೆ ಕಟ್ಟಿಕೊಂಡು ನಡೆದೆ. ಗಂಟೆಗೊಮ್ಮೆ ನಿಂತು ನೀರು ಕುಡಿದೆ. ಬೇಕಾದಾಗೆಲ್ಲ ರೋಹಿಣಿ ಬಂಡೆಯ ಪಕ್ಕದಲ್ಲಿ ಕೊಡೆ ಬಿಚ್ಚಿ ಅಡ್ಡ ಹಿಡಿದಳು. "ಅತ್ತೀ, ಹಿಮಾಲಯದಾಗ ನಿಮಗ ಛತ್ರಿ ಸೇವಾ ಆತು ನೋಡ್ರಿ" ಎಂದು ನಗುತ್ತಿದ್ದಳು.

ಕೊನೆಯ ಏರಿನಲ್ಲಿ ಕಾಲಡಿಯಲ್ಲಿ ಕರಕರ ಸದ್ದಾಯಿತು. ನಿಂತೆ. ಕಲ್ಲಲ್ಲ. ಬಗ್ಗಿ ಕೈಗವಸು ತೆಗೆದು ಬರಿಗೈ ಇಟ್ಟೆ. ಸುಟ್ಟ ಹಾಗಾಯಿತು! ಒಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡೆ. ಹಿಂದೆ ಸಾಲಾಗಿ ನಿಂತವರು ಏನಾಯಿತೆಂದು ಕೂಗುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಉಸಿರು ಬಾಯಿಗೆ ಬಂದು ಪಾರ್ವತವ್ವನ ಪಾಠ ಅಲ್ಲಿಗೇ ತಪ್ಪಿತು.

ಘಟ್ಟದ ತಲೆಯ ಮೇಲೆ ಸುಹಾಸ ಹದಿನೈದು ನಿಮಿಷ ಕೊಟ್ಟ. ಪೆನ್ನು ಚಳಿಗೆ ಬರೆಯಲಿಲ್ಲ. ಕಂಕುಳಲ್ಲಿಟ್ಟು ಬಿಸಿ ಮಾಡಿ, ಇನ್‌ಲ್ಯಾಂಡ್ ಪತ್ರವನ್ನು ರೋಹಿಣಿಯ ಬೆನ್ನಿನ ಮೇಲಿಟ್ಟುಕೊಂಡು ಬರೆದೆ.

"ನೂರ್ಜಹಾನಳಿಗೆ ದುರ್ಗಮ್ಮ ಬರೆಯುವುದು. ಹಿಮ ಟೀವಿಯಲ್ಲಿ ತೋರಿಸುವ ಹಾಗೆ ಹತ್ತಿಯಂತಿಲ್ಲ. ಕಲ್ಲುಪ್ಪಿನ ಹಾಗೆ ಒರಟಾಗಿದೆ. ಅಂಚಿನಲ್ಲಿ ಧೂಳು ಹಿಡಿದಿದೆ, ನಡುವೆ ನೀಲಿ ಬಣ್ಣ ಇದೆ. ಮೆಟ್ಟಿದರೆ ಹೊಸ ಚಪ್ಪಲಿಯ ಹಾಗೆ ಸದ್ದು ಮಾಡುತ್ತದೆ. ಮುಟ್ಟಿದರೆ ಸುಡುತ್ತದೆ. ತಿಂದೆ, ಏನೂ ರುಚಿ ಇಲ್ಲ. ಇಲ್ಲಿಗೆ ಬರುವುದಾದರೆ ನೀರು ಚೆನ್ನಾಗಿ ಕುಡಿಯಬೇಕು, ಕೊಡೆ ಹಿಡಿಯಲು ಸೊಸೆಯನ್ನು ಕರೆತರಬೇಕು. ಈಗ ನಿನ್ನ ಸರದಿ. ನಾನು ನೋಡದ್ದು ನೋಡಿದರೆ ಬರಿ."

ಆಚೆ ಬದಿಗೆ ಇಳಿದು ಎರಡನೆಯ ದಿನ ಮೊದಲ ಊರು ಸಿಕ್ಕಿತು. ಒಂದು ಅಂಗಡಿ, ಒಂದು ಶಾಲೆ, ಅಂಚೆ ಕಚೇರಿಯ ಗೋಡೆಗೆ ಬಣ್ಣ ಮಾಸಿದ ಕೆಂಪು ಪೆಟ್ಟಿಗೆ. ವಿಳಾಸವನ್ನು ಕಾರ್ಡು ನೋಡಿಕೊಂಡು ಅಕ್ಷರ ಅಕ್ಷರ ಸರಿ ಮಾಡಿದೆ. ಇಲ್ಲಿಯವರಿಗೂ ತಿಳಿಯಲೆಂದು ರೋಹಿಣಿ ಕೆಳಗೆ ಇಂಗ್ಲಿಷಿನಲ್ಲಿ ಯಲ್ಲಾಪುರ ಎಂದು ಪಿನ್‌ಕೋಡ್ ಸಮೇತ ಬರೆದಳು.

"ಇದು ಯಲ್ಲಾಪುರ ಮುಟ್ಟೋಕೆ ಎಷ್ಟು ದಿನ ಬೇಕು ತಮ್ಮಾ?"

"ಹತ್ತು ದಿನ ಆದ್ರೂ ಬೇಕು" ಎಂದ ಸುಹಾಸ.

ರೋಹಿಣಿ ನಕ್ಕಳು. "ಅತ್ತೀ, ಅಷ್ಟರಾಗ ನಾವ ಮನೀ ಮುಟ್ಟಿರ್ತೀವಿ. ಬಸ್ ಹತ್ತಿ ಹೋಗಿ ಕೈಯಾಗ ಕೊಟ್ರಾಗೂದಿಲ್ಲೇನು?"

"ಥೋ! ಪೋಸ್ಟ್‌ಮನ್ನೇ ತಂದುಕೊಡ್ಬೇಕು. ಅಲ್ಲೀತನಕ ಅವಳ ಫೋನು ಬಂದ್ರೆ ಯಾರೂ ಬಾಯಿ ಬಿಡಬ್ಯಾಡ್ರಿ ಮತ್ತೆ."

ಪೆಟ್ಟಿಗೆಯ ಬಾಯಿ ನನಗಿಂತ ತುಸು ಎತ್ತರದಲ್ಲಿತ್ತು. ತುದಿಗಾಲಲ್ಲಿ ನಿಂತು ಪತ್ರವನ್ನು ಒಳಗೆ ತಳ್ಳಿದೆ. ತಳಕ್ಕೆ ಬಿದ್ದ ಸದ್ದು ಕೇಳುವ ತನಕ ಕೈ ತೆಗೆಯಲಿಲ್ಲ.